ಅಕ್ಕುವಿನ ಬಾಗಿಲು ತೆರೆದವರು

ಅಕ್ಕು ಪೂಜಾರ್ತಿಗೆ ಸಾಕ್ಷಿ ಇರಲಿಲ್ಲ.

ತುಳುವರ ಆಟಿ ತಿಂಗಳ, ಮಳೆಗಾಲದ ಒಂದು ಸಂಜೆ. ಡೊಂಬಿವಿಲಿ ಪೂರ್ವದ ಹಳೆಯ ಹೌಸಿಂಗ್ ಸೊಸೈಟಿಯೊಂದರ ಮೂರನೇ ಮಹಡಿ. ಟೆರೇಸಿನ ಮೆಟ್ಟಿಲಿನಿಂದ ಇಳಿದು ಬಂದ ಅಕ್ಕು ಬಾಗಿಲಿನ ನಂಬರ್ ಒತ್ತಿದಳು. ತಪ್ಪಿತು. ಮತ್ತೆ ಒತ್ತಿದಳು. ಮತ್ತೆ ತಪ್ಪಿತು. ಹೇಗೋ ತೆರೆದುಕೊಂಡು ಒಳಗೆ ಹೋದಾಗ ಮಲಗುವ ಕೋಣೆಯಲ್ಲಿ ಬಾಳೆಲೆ ಹಾಗೇ ಇತ್ತು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಗ್ಲಾಸಿನಲ್ಲಿ ಎರಡು ಬೆರಳು ಬ್ರಾಂದಿ. ದೀಪ ಉರಿಯುತ್ತಿತ್ತು. ಎಲೆಯ ಪಕ್ಕ ಹೊಸ ಪಂಚೆ ಮಡಚಿದಂತೆಯೇ ಇತ್ತು. ಪಂಚೆಯ ಮೇಲಿಟ್ಟಿದ್ದ ಚಿನ್ನದ ಸರ ಮತ್ತು ಉಂಗುರ ಇರಲಿಲ್ಲ.

ಎರಡೂ ಅವಳ ಗಂಡ ಚೆನ್ನಯನವು. ನೌಪಾಡಾದ ಹೊಟೇಲೊಂದರ ಗಲ್ಲಾದಲ್ಲಿ ಕೂತು ಮಾಡಿಸಿಕೊಂಡವು. ಚೆನ್ನಯ ತೀರಿಕೊಂಡು ನಾಲ್ಕು ವರ್ಷ. ಪ್ರತಿ ಆಟಿಯಲ್ಲಿ ಅಕ್ಕು ಅವನಿಗೆ ಬಡಿಸುತ್ತಾಳೆ. ಎಲೆ ಹಾಕಿ, ಅವನ ವಸ್ತುಗಳನ್ನು ಪಕ್ಕದಲ್ಲಿಟ್ಟು, ಊಟಕ್ಕೆ ಕರೆದು, ಹೊರಗೆ ಹೋಗಿ ಕಾಯುತ್ತಾಳೆ. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಊರಿನಲ್ಲಿ ಎಲ್ಲರ ಮನೆಯ ಕ್ರಮ ಅದು.

ಖಾಲಿ ಪಂಚೆ ನೋಡಿ ಅಕ್ಕುವಿಗೆ ಮೊದಲು ಆದದ್ದು ಸಂತೋಷ. ಹಾಲ್‌ನಲ್ಲಿ ಇದ್ದ, ಎರಡೂ ಕಡೆ ಮಾತಾಡಬಹುದಾದ ಕ್ಯಾಮೆರಾದ ಕಿತ್ತಿಟ್ಟಿದ್ದ ಪ್ಲಗ್ ಸಿಕ್ಕಿಸಿ, ಅದರ ಮುಂದೆ ನಿಂತು, ಸಾನಪಾಡಾದಲ್ಲಿರುವ ಮಗಳು ಅಮಿತಾಳಿಗೆ ಹೇಳಿದಳು. ಅಪ್ಪ ಬಂದಿದ್ದರು, ಸರ ತೆಗೆದುಕೊಂಡು ಹೋದರು ಎಂದಳು.

ಸರ ಎಲ್ಲಿಟ್ಟಿದ್ದೀರಿ, ನೆನಪು ಮಾಡಿಕೊಳ್ಳಿ ಎಂದಳು ಅಮಿತಾ. ಅದೇ ರಾತ್ರಿ ಬದಲಾಪುರದ ವೃದ್ಧಾಶ್ರಮವೊಂದಕ್ಕೆ ಫೋನ್ ಮಾಡಿ ಕೋಣೆ ಖಾಲಿ ಇದೆಯೇ ಎಂದು ಕೇಳಿದಳು. ಹಾಗೆ ಕೇಳಿದ್ದನ್ನು ಕ್ಯಾಮೆರಾದ ಮೂಲಕ ಅಮ್ಮನಿಗೂ ಹೇಳಿದಳು.

* * *

ಬೆಳಗ್ಗೆ ಅಕ್ಕು ಒಬ್ಬಳೇ ಪೊಲೀಸ್ ಠಾಣೆಗೆ ಬಂದಳು. ಅವಳ ಹಿಂದಿ ಅಲ್ಲಿನವರಿಗೆ ಅರ್ಥವಾಗಲಿಲ್ಲ. ತುಳು ಬಲ್ಲ ಅಧಿಕಾರಿ ಎಂಬ ಒಂದೇ ಕಾರಣಕ್ಕೆ ಅಕ್ಕುವನ್ನು ಸಬ್ ಇನ್ಸ್‌ಪೆಕ್ಟರ್ ರಮಿತಾಳ ಮೇಜಿಗೆ ಕಳಿಸಿದರು. ರಮಿತಾ ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ತುಳು, ಠಾಣೆಯಲ್ಲಿ ಮರಾಠಿ. ಅವಳು ಮೊದಲು ಅಮಿತಾಳಿಗೆ ಫೋನ್ ಮಾಡಿ ವಿಷಯ ತಿಳಿದುಕೊಂಡಳು.

"ನಿನ್ನೆ ಗಂಡ ತೆಗೆದುಕೊಂಡು ಹೋದದ್ದು ಅಂತ ಹೇಳಿದ್ರಂತೆ, ದೊಡ್ಡಮ್ಮ."

"ನಿನ್ನೆ ಹಾಗೆ ಅನ್ನಿಸಿತು. ರಾತ್ರಿ ಕೂತು ಯೋಚನೆ ಮಾಡಿದೆ. ಅವರಿಗೆ ಚಿನ್ನ ಎಂತಕ್ಕೆ? ಬ್ರಾಂದಿ ಬಿಟ್ಟು ಸರ ತೆಗೆದುಕೊಂಡು ಹೋಗುವ ಜನ ಅಲ್ಲ ಅವರು. ಕಳ್ಳ ಬಂದದ್ದು."

ಕಳ್ಳ ಸಿಗದಿದ್ದರೆ ತನ್ನನ್ನು ಬದಲಾಪುರಕ್ಕೆ ಹಾಕುತ್ತಾರೆ ಎಂದೂ ಹೇಳಿದಳು. ಅಳಲಿಲ್ಲ. ಬಸ್ಸು ತಪ್ಪುತ್ತದೆ ಎನ್ನುವ ಹಾಗೆ ಹೇಳಿದಳು.

ರಮಿತಾ ಮನೆಗೆ ಹೋಗಿ ನೋಡಿದಳು. ಕಿಟಕಿಗಳಿಗೆಲ್ಲ ಗ್ರಿಲ್. ಗ್ರಿಲ್‌ಗಳು ಗಟ್ಟಿಯಾಗಿದ್ದವು. ಒಳಗೆ ಬರಲು ಇದ್ದದ್ದು ಒಂದೇ ಬಾಗಿಲು. ಅದಕ್ಕೆ ಅಮಿತಾ ಮಾರ್ಚ್‌ನಲ್ಲಿ ನಂಬರ್ ಬೀಗ ಹಾಕಿಸಿದ್ದಳು. ಬಾಗಿಲು ಎಳೆದರೆ ತಾನೇ ಬೀಗ ಬೀಳುತ್ತದೆ. ತೆರೆಯಲು ಬೆರಳು ಇಡಬೇಕು, ಇಲ್ಲವೇ ನಾಲ್ಕು ಅಂಕಿ ಒತ್ತಬೇಕು. ಹುಡುಗಿಯಾಗಿದ್ದಾಗ ಬೀಡಿ ಕಟ್ಟಿ, ಮದುವೆಯಾದ ಮೇಲೆ ಹೊಟೇಲಿಗೆ ಹಿಟ್ಟು ರುಬ್ಬಿ ಅಕ್ಕುವಿನ ಬೆರಳಿನ ಗೆರೆಗಳು ಸವೆದಿದ್ದವು. ಬೀಗಕ್ಕೆ ಅವಳ ಬೆರಳು ಗುರುತು ಸಿಗುತ್ತಿರಲಿಲ್ಲ. ಅವಳಿಗಿದ್ದದ್ದು ನಂಬರ್ ಮಾತ್ರ.

ಮಧ್ಯಾಹ್ನ ಅಮಿತಾ ಸಾನಪಾಡಾದಿಂದ ಬಂದಳು. ಬ್ಯಾಂಕಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದಳು. ಫೋನ್ ತೆಗೆದು ರಮಿತಾಳ ಮುಂದೆ ಹಿಡಿದಳು. ಬೀಗ ತೆರೆದಾಗಲೆಲ್ಲ ಆ ಫೋನಿಗೆ ಸುದ್ದಿ ಹೋಗುತ್ತದೆ.

"ನೋಡಿ ಮೇಡಂ. ನಿನ್ನೆ ಸಂಜೆ ಎರಡು ಸಲ ಬಾಗಿಲು ತೆರೆದಿದೆ. ಎರಡು ಸಲವೂ ಅಮ್ಮನ ನಂಬರ್. ನನ್ನದು ಬೇರೆ ನಂಬರ್. ಅಮ್ಮನೇ ಒಮ್ಮೆ ಬಂದು, ಚಿನ್ನ ಎಲ್ಲೋ ಇಟ್ಟು, ಮರೆತಿದ್ದಾರೆ. ಕ್ಯಾಮೆರಾ ಕೂಡ ಅವರೇ ತೆಗೆದದ್ದು."

"ಕ್ಯಾಮೆರಾ ಯಾಕೆ ತೆಗೆದ್ರಿ ದೊಡ್ಡಮ್ಮ?"

"ನೀನು ಸಾನಪಾಡಾದಲ್ಲಿ ಕೂತು ನೋಡ್ತಿದ್ರೆ ಅವರು ಉಣ್ಣಲಿಕ್ಕೆ ಬರ್ತಾರಾ?" ಅಕ್ಕು ಉತ್ತರ ಕೊಟ್ಟದ್ದು ಮಗಳಿಗೆ.

ಅಮಿತಾ ರಮಿತಾಳ ಮುಖ ನೋಡಿದಳು. ಕೇಸ್ ಬೇಡ, ಹಿಂದೆ ತೆಗೆದುಕೊಳ್ಳುತ್ತೇವೆ ಎಂದಳು. ಕೇಸ್ ಕೊಟ್ಟದ್ದು ನೀವಲ್ಲ ಎಂದಳು ರಮಿತಾ. ನಂಬರ್ ಸದ್ಯ ಬದಲಿಸಬೇಡಿ ಎಂದೂ ಹೇಳಿದಳು.

* * *

ಮೂರನೇ ಮಹಡಿಯಲ್ಲಿ ನಾಲ್ಕು ಮನೆ. ಒಂದಕ್ಕೆ ಬೀಗ. ಅವರು ಊರಿಗೆ ಹೋಗಿ ತಿಂಗಳಾಗಿತ್ತು. ಇನ್ನೊಂದರಲ್ಲಿ ಗುಜರಾತಿ ಗಂಡ ಹೆಂಡತಿ. ಇಬ್ಬರೂ ಅಂಗಡಿಯಲ್ಲಿದ್ದರು. ಅಂಗಡಿಯ ಕ್ಯಾಮೆರಾದಲ್ಲಿ ಇಬ್ಬರೂ ಕಂಡರು. ಮೂರನೆಯದು ಲೋಕನಾಥ ಕೋಟ್ಯಾನನದು. ಅಕ್ಕುವಿನ ಗೋಡೆಗೆ ಅವನ ಗೋಡೆ. ಥಾಣೆ ನಗರದ ಕಂಪನಿಯೊಂದರ ಆಫೀಸಿನಲ್ಲಿದ್ದು ನಿವೃತ್ತನಾದವನು. ಹೆಂಡತಿ ಇಲ್ಲ.

ಲೋಕನಾಥ ರಮಿತಾಳನ್ನು ಕೂರಿಸಿ ಚಾ ಮಾಡಿದ. ಬೇಡವೆಂದರೂ ಚಕ್ಕುಲಿ ಇಟ್ಟು, ಅದನ್ನು ಮಾಡುವ ಬಗೆಯನ್ನೂ ಹೇಳಿದ. ಕಟ್ಟಡದ ಮುದುಕರ ಫೋನೆಲ್ಲ ತಾನೇ ಸರಿಮಾಡುವುದು ಎಂದ. ಅಕ್ಕು ಅಕ್ಕನ ಗ್ಯಾಸ್ ಬುಕಿಂಗ್, ಲೈಟ್ ಬಿಲ್, ಪೆನ್ಶನ್ನಿಗೆ ಫೋನಿನಲ್ಲಿ ಮುಖ ತೋರಿಸುವುದು, ಎಲ್ಲ ತಾನೇ ಮಾಡುತ್ತಿದ್ದೆ ಎಂದ. ಈಗ ಮಗಳು ಮಾಡುತ್ತಾಳಂತೆ ಎಂದು ಸೇರಿಸಿದ.

ನಿನ್ನೆ ಸಂಜೆ ಏನಾದರೂ ಕೇಳಿಸಿತೇ ಎಂದು ರಮಿತಾ ಕೇಳಿದಳು.

"ಚೆನ್ನಯಣ್ಣನನ್ನು ಊಟಕ್ಕೆ ಕರೆಯುವುದು ಕೇಳಿತು. ಪಾಪ, ವರ್ಷವೂ ಕರೀತಾರೆ. ಬಾಗಿಲು ಎಳೆದು ಮೇಲೆ ಹೋದ್ರು. ಆಮೇಲೆ ನಾನು ಟೀವಿ ಹಾಕಿದೆ, ಮತ್ತೆ ಎಂತದೂ ಗೊತ್ತಿಲ್ಲ. ನೀವು ಆ ಬೀಗ ಹಾಕಿದ ಹುಡುಗನನ್ನು ವಿಚಾರಿಸಿ. ಮೊನ್ನೆ ಬ್ಯಾಟರಿ ಹಾಕ್ಲಿಕ್ಕೆ ಬಂದಿದ್ದ."

ಕಟ್ಟಡದ ಮೆಟ್ಟಿಲು ಒರೆಸುವ ಮರಗಮ್ಮ ಕಲಬುರಗಿ ಕಡೆಯವಳು. ರಮಿತಾ ಅವಳನ್ನೂ ವಿಚಾರಿಸಿದಳು. ಪೊಲೀಸರನ್ನು ಕಂಡು ಮರಗಮ್ಮ ಬಕೆಟ್ ಕೆಳಗಿಟ್ಟಳು.

"ನಾ ಎರಡನೇ ಮಾಳಿಗಿ ಮೆಟ್ಟಲ ಒರಸ್ತಿದ್ನ್ರಿ. ಆಯಿ ಬಾಗಿಲ ಮುಂದ ನಿಂತು ಏನೋ ಮಾತಾಡ್ತಿತ್ತು. ಒಬ್ಬಾಕಿನೇ. ಅವರ ಭಾಷಾ ನಂಗ ತಿಳಿಯಂಗಿಲ್ರಿ. ಆಮ್ಯಾಲ ನಾ ಕೆಳಗ ಹೋದೆ."

ಹೋದದ್ದನ್ನು ಗೇಟಿನ ವಾಚ್‌ಮನ್ ನೋಡಿದ್ದ. ಅವಳು ಅವನ ಹತ್ತಿರ ತಂಬಾಕು ಇಸಿದುಕೊಂಡು, ಅವನ ಜೊತೆಗೇ ಕೂತು ಹರಟಿದ್ದಳು.

* * *

ಬೀಗ ಹಾಕಿದ ಯತಿನ್‌ನ ಅಂಗಡಿ ನೌಪಾಡಾದಲ್ಲಿ. ಅವನ ಅಜ್ಜ ಬೆಳ್ಮಣ್ಣಿನವರು. ಅವನಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ. ನಿನ್ನೆ ಸಂಜೆ ಕಲ್ಯಾಣದ ಡಾಕ್ಟರರೊಬ್ಬರ ಮನೆಯಲ್ಲಿ ಬೀಗ ಕೂರಿಸುತ್ತಿದ್ದೆ ಎಂದ. ರಮಿತಾ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ನಿಜವಾಗಿತ್ತು. ಅಕ್ಕುವಿನ ನಂಬರ್ ತನಗೆ ಗೊತ್ತಿಲ್ಲ, ಅದನ್ನು ಅವಳ ಕೈಯಲ್ಲೇ ಒತ್ತಿಸಿದ್ದು ಎಂದ.

ರಮಿತಾ ಎದ್ದಾಗ ಅವನಿಗೆ ಒಂದು ವಿಷಯ ನೆನಪಾಯಿತು. ನಿನ್ನೆ ಬೆಳಗ್ಗೆ ಆಂಟಿ ಫೋನ್ ಮಾಡಿದ್ದರು. ಸಂಜೆ ಒಬ್ಬರು ಊಟಕ್ಕೆ ಬರುತ್ತಾರೆ, ನಾನು ಮನೆಯಲ್ಲಿರುವುದಿಲ್ಲ, ಬಾಗಿಲು ಓರೆ ಇಡುವುದು ಹೇಗೆ ಎಂದು ಕೇಳಿದ್ದರು. ಅವನು ಯಾವುದೋ ಗುಂಡಿ ಹೇಳಿದ್ದ. ಆಂಟಿಗೆ ಸಿಕ್ಕಿರಲಿಲ್ಲ.

"ತೋ ಮೈನೆ ಬೋಲಾ, ಗೆಸ್ಟ್ ಕೋ ನಂಬರ್ ಬತಾ ದೋ. ಬಾತ್ ಖತಂ."

ಬರುವವರಿಗೆ ನಂಬರ್ ಹೇಳಿಬಿಡಿ. ಅವನು ಹೇಳಿದ್ದು ಅಷ್ಟೇ.

ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ರಮಿತಾ ಅಮಿತಾಳಿಂದ ತರಿಸಿಕೊಂಡ ಬೀಗದ ದಾಖಲೆಯನ್ನು ತನ್ನ ಫೋನಿನಲ್ಲಿ ಓದಿದಳು. ಮಾರ್ಚ್‌ನಿಂದ ಓದಿದಳು. ಡೊಂಬಿವಿಲಿ ಬರುವಷ್ಟರಲ್ಲಿ ಮುಗಿಯಿತು. ಇಳಿದವಳು ಸೀದಾ ಅಕ್ಕುವಿನ ಮನೆಗೆ ನಡೆದಳು.

ಅಕ್ಕು ಸಾರು ಬಿಸಿ ಮಾಡುತ್ತಿದ್ದಳು. ನಿನ್ನೆಯದೇ ಸಾರು. ಒಬ್ಬಳೇ ತಿಂದು ಮುಗಿಸಬೇಕಿತ್ತು.

"ದೊಡ್ಡಮ್ಮ, ನಂಬರ್ ಯಾರಿಗೆ ಹೇಳಿದ್ರಿ?"

"ಬದುಕಿದವರಿಗೆ ಯಾರಿಗೂ ಹೇಳಲಿಲ್ಲ."

ರಮಿತಾ ಗ್ಯಾಸ್ ಆರಿಸಿದಳು.

"ಹಳೆ ಬೀಗ ಇದ್ದಾಗ ಬಾಗಿಲು ಓರೆ ಇಡ್ತಿದ್ದೆ," ಎಂದಳು ಅಕ್ಕು. "ಇದು ಓರೆ ನಿಲ್ಲುವುದಿಲ್ಲ. ಅವರು ಹೋದ ಮೇಲೆ ಬಂದ ಬೀಗ. ಅವರಿಗೆ ನಂಬರ್ ಗೊತ್ತಿಲ್ಲವಲ್ಲ, ಮಗಾ. ಹೊರಗೆ ನಿಂತು ಕರೆದೆ. ಎಲೆ ಹಾಕಿದ್ದೇನೆ, ಬನ್ನಿ, ಬಾಗಿಲಿನ ನಂಬರ್ ಮೂಜಿ, ಒರ್ಂಬ, ಆಜಿ, ರಡ್ಡ್ ಅಂತ ಹೇಳಿದೆ. ಅವರಿಗೆ ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಿದೆ." ತುಳುವಿನಲ್ಲಿ ಅದು ಮೂರು, ಒಂಬತ್ತು, ಆರು, ಎರಡು.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ಈಗ ಮರೆವು ಅಂತ ಮಾತ್ರ ಹೇಳ್ತಿದ್ದಾರೆ. ಇದನ್ನು ಹೇಳಿದರೆ ಹುಚ್ಚು ಅಂತಾರೆ."

* * *

ಮರುದಿನ ಅಮಿತಾ ಮತ್ತೆ ಬಂದಳು. ಲೋಕನಾಥನನ್ನು ರಮಿತಾಳೇ ಕರೆದಳು. ಅವನು ಒಗೆದ ಶರ್ಟು ಹಾಕಿಕೊಂಡು ಬಂದು, ಸೋಫಾದ ಒಂದು ಮೂಲೆಯಲ್ಲಿ ಕೂತ. ಬಾಗಿಲಲ್ಲಿ ಕಾನ್‌ಸ್ಟೇಬಲ್ ನಿಂತಿದ್ದ.

ರಮಿತಾ ಮೊದಲು ಅಮಿತಾಳಿಗೆ ಬೀಗದ ದಾಖಲೆ ತೋರಿಸಿದಳು. ಮಾರ್ಚ್‌ನಿಂದ ಇಲ್ಲಿಯವರೆಗೆ ನಿಮ್ಮ ಅಮ್ಮ ಒಂದೇ ಒಂದು ಸಲವೂ ಮೊದಲ ಒತ್ತಿಗೆ ಬಾಗಿಲು ತೆರೆದಿಲ್ಲ ಎಂದಳು. ಅವರು ಮೂರನೇ ಅಂಕಿ ಹುಡುಕುವಷ್ಟರಲ್ಲಿ ಬೀಗದ ಬೆಳಕು ಆರಿಹೋಗುತ್ತದೆ. ತಪ್ಪು, ತಪ್ಪು, ಆಮೇಲೆ ತೆರೆಯಿತು. ಪ್ರತಿ ದಿನ ಹೀಗೆಯೇ. ಆ ಸಂಜೆಯ ಎರಡನೇ ಸಲವೂ ಹೀಗೆಯೇ.

"ಮೊದಲನೇ ಸಲ ಮಾತ್ರ ಒಂದೂ ತಪ್ಪಿಲ್ಲ. ನಂಬರ್ ನಿಮ್ಮ ಅಮ್ಮನದು, ಕೈ ಅವರದ್ದಲ್ಲ. ಫೋನ್ ಒತ್ತಿ ಅಭ್ಯಾಸ ಇರುವ ಕೈ."

ಅಮಿತಾ ಫೋನನ್ನು ತೆಗೆದುಕೊಂಡು ಮೇಲೆ ಕೆಳಗೆ ಸರಿಸಿ ನೋಡಿದಳು. ಐದು ತಿಂಗಳಿನಿಂದ ಆ ಸುದ್ದಿ ಅವಳಿಗೆ ಬರುತ್ತಲೇ ಇತ್ತು. ಬಾಗಿಲು ತೆರೆದದ್ದನ್ನು ನೋಡುತ್ತಿದ್ದಳು. ತಪ್ಪಿದ್ದನ್ನು ನೋಡುತ್ತಿರಲಿಲ್ಲ.

ನಂತರ ರಮಿತಾ ನಂಬರ್ ಹೊರಗೆ ಹೋದ ಬಗೆ ಹೇಳಿದಳು. ಅಕ್ಕು ಸೆರಗು ನೋಡುತ್ತ ಕೂತಳು. ನಂಬರ್ ಕೇಳಿಸಿರಬಹುದಾದವರು ಇಬ್ಬರೇ. ಮರಗಮ್ಮ ಎರಡನೇ ಮಹಡಿಯಲ್ಲಿದ್ದಳು, ಆದರೆ ಅವಳ ಕನ್ನಡಕ್ಕೆ ತುಳುವಿನ ಅಂಕಿ ನಿಲುಕುವುದಿಲ್ಲ. ಅವಳು ಕೆಳಗಿಳಿದದ್ದಕ್ಕೆ ವಾಚ್‌ಮನ್ ಸಾಕ್ಷಿ.

"ಲೋಕನಾಥಣ್ಣ, ಊಟಕ್ಕೆ ಕರೆದದ್ದು ಕೇಳಿತು ಅಂತ ನೀವೇ ಹೇಳಿದ್ರಿ. ನಂಬರ್ ಇದ್ದದ್ದು ಅದೇ ಮಾತಿನಲ್ಲಿ. ಎರಡು ಸಲ. ಸತ್ತವರಿಗೆ ಬೀಗದ ನಂಬರ್ ಹೇಳುವುದನ್ನು ಯಾರಾದರೂ ದಿನಾ ಕೇಳ್ತಾರಾ? ನನ್ನ ಹತ್ತಿರ ಚಕ್ಕುಲಿ ರೆಸಿಪಿ ತನಕ ಹೇಳಿದ್ರಿ. ಇದೊಂದನ್ನು ಬಿಟ್ರಿ."

ಲೋಕನಾಥ ಕನ್ನಡಕ ತೆಗೆದು ಒರೆಸಿದ. ಒರೆಸಿ ಮತ್ತೆ ಹಾಕಿಕೊಂಡ. ಚಿನ್ನ ಹಳೆಯ ಮೊಬೈಲಿನ ಡಬ್ಬಿಯಲ್ಲಿದೆ, ಟೀವಿಯ ಹಿಂದೆ ಎಂದ. ಕಾನ್‌ಸ್ಟೇಬಲ್ ಅಮಿತಾಳನ್ನು ಕರೆದುಕೊಂಡು ಹೋಗಿ ತಂದ. ಸರವೂ ಇತ್ತು, ಉಂಗುರವೂ ಇತ್ತು.

"ಮಾರಲಿಕ್ಕೆ ತೆಗೆದದ್ದಲ್ಲ," ಎಂದ ಲೋಕನಾಥ.

"ಎಲ್ಲರೂ ಹಾಗೇ ಹೇಳ್ತಾರೆ," ಎಂದಳು ರಮಿತಾ.

ಅವನು ಮೂಲೆಯಲ್ಲಿದ್ದ ಕ್ಯಾಮೆರಾದ ಕಡೆ ಕೈ ತೋರಿಸಿದ. ಮೊದಲೆಲ್ಲ ಅಕ್ಕು ಅಕ್ಕ ದಿನಾ ಫೋನ್ ಹಿಡಿದುಕೊಂಡು ಬರುತ್ತಿದ್ದರು ಎಂದ. ಅದು ಬಿದ್ದಿದೆ, ಇದು ಬರುವುದಿಲ್ಲ, ಒಂದು ನೋಡು ಅಂತ. ಚಾ ಆಗುತ್ತಿತ್ತು. ಊರಿನ ಮಾತು ಆಗುತ್ತಿತ್ತು. ಈ ಪೆಟ್ಟಿಗೆಗಳು ಬಂದ ಮೇಲೆ ಕೆಲಸವೆಲ್ಲ ಸಾನಪಾಡಾದಿಂದ ಆಗತೊಡಗಿತು.

"ಏಪ್ರಿಲ್‌ನಲ್ಲಿ ಒಂದು ದಿನ ನಾನೇ ಬಂದೆ. ಇಲ್ಲೇ ಕೂತು ಚಾ ಕುಡೀತಿದ್ದೆ. ಆಗ ಅದು ಮಾತಾಡಿತು. 'ಅಂಕಲ್, ಏನಾದರೂ ಹಾಳಾಗಿದೆಯಾ? ಯಾಕೆ ಬಂದ್ರಿ?' ಅಂತ."

ಅಮಿತಾ ಅಲ್ಲವೆನ್ನಲಿಲ್ಲ.

"ಬೀಗ, ಕ್ಯಾಮೆರಾ ಎರಡೂ ಇದ್ದೂ ಕಳ್ಳ ಬಂದ ಅಂತಾದ್ರೆ ಎರಡನ್ನೂ ಕಿತ್ತು ಹಾಕ್ತಾರೆ ಅಂದುಕೊಂಡೆ. ಆಮೇಲೆ ಹೇಗಾದರೂ ಸಿಕ್ಕಿತು ಅಂತ ಕೊಡ್ತಿದ್ದೆ."

ಅಕ್ಕು ತಲೆ ಎತ್ತಿದಳು. ತುಳುವಿನಲ್ಲಿ ಕೇಳಿದಳು. ಅಲ್ಲಿದ್ದ ಕಾನ್‌ಸ್ಟೇಬಲ್ ಒಬ್ಬನನ್ನು ಬಿಟ್ಟು ಎಲ್ಲರಿಗೂ ಅರ್ಥವಾಯಿತು.

"ನನ್ನನ್ನು ಬದಲಾಪುರಕ್ಕೆ ಕಳಿಸುವ ಮಾತು ಗೋಡೆಯಾಚೆ ನಿನಗೆ ಕೇಳಲಿಲ್ಲವಾ, ಲೋಕನಾಥ?"

"ಕೇಳಿತು."

"ಮತ್ತೆ?"

ಹೇಳಿದರೆ ಅವನು ಕಳ್ಳನಾಗುತ್ತಿದ್ದ. ಹೇಳದಿದ್ದರೆ ಅವಳು ಮರೆಗುಳಿಯಾಗುತ್ತಿದ್ದಳು. ಅವನು ಎರಡನೆಯದನ್ನು ಆರಿಸಿಕೊಂಡಿದ್ದ. ಒಂಟಿತನ ಅವನನ್ನು ಒಳ್ಳೆಯವನನ್ನಾಗಿ ಮಾಡಿರಲಿಲ್ಲ.

ರಮಿತಾ ಎದ್ದು ನಿಂತಳು. ಲೋಕನಾಥ ಚಪ್ಪಲಿ ಹಾಕಿಕೊಂಡು ಕಾನ್‌ಸ್ಟೇಬಲ್‌ನ ಮುಂದೆ ಮೆಟ್ಟಿಲಿಳಿದ.

* * *

ಬದಲಾಪುರದ ಕೋಣೆ ಅಮಿತಾ ಬೇಡವೆಂದಳು. ಬೀಗದ ನಂಬರ್ ಬದಲಾಯಿಸಿದಳು. ಕ್ಯಾಮೆರಾ ಉಳಿಯಿತು. ಅಕ್ಕುವೂ ಉಳಿದಳು. ಹೊಸ ನಂಬರ್ ಕೂಡ ಅವಳಿಗೆ ಮೊದಲ ಒತ್ತಿಗೆ ಬರುವುದಿಲ್ಲ.

ಲೋಕನಾಥನಿಗೆ ಜಾಮೀನು ಸಿಕ್ಕಿತು. ಅವನು ಮನೆ ಬಾಡಿಗೆಗೆ ಕೊಟ್ಟು ಬೇರೆಲ್ಲಿಗೋ ಹೋದ. ಈಗ ಅಲ್ಲಿ ನಾಸಿಕದ ಮೂವರು ಹುಡುಗರಿದ್ದಾರೆ. ಒಳ್ಳೆಯವರು. ಅಕ್ಕುವನ್ನು ಕಂಡರೆ ನಮಸ್ತೆ ಎನ್ನುತ್ತಾರೆ.

ಸರ ಮತ್ತು ಉಂಗುರ ಕೋರ್ಟಿನ ಮೂಲಕ ವಾಪಸು ಬಂದವು. ಚಿನ್ನದಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಮೂರನೇ ಮಹಡಿಯಲ್ಲಿ ತುಳು ಆಡುವವರು ಇಬ್ಬರಿದ್ದರು. ಅವರಲ್ಲಿ ಒಬ್ಬರು ಕಡಿಮೆಯಾದರು.