ನಾಲ್ಕನೇ ಕಂಬದ ಶಾಖ

ಸತ್ತವನ ಕಾಲಲ್ಲಿ ಶೂ ಇರಲಿಲ್ಲ.

ಗಿರಣಿಯವರು ಠಾಣೆಗೆ ತಂದುಕೊಟ್ಟ ದೂರಿನಲ್ಲಿ ಈ ವಿಷಯ ಇರಲಿಲ್ಲ. ಒಂದೂವರೆ ಪುಟ ಟೈಪ್ ಮಾಡಿಸಿ ಮೊಹರು ಒತ್ತಿದ್ದರು. 2025ರ ಏಪ್ರಿಲ್ 22, ಮಂಗಳವಾರ, ಬೆಳಿಗ್ಗೆ 11.05ಕ್ಕೆ ವಿದ್ಯುತ್ ಉಳಿತಾಯ ವಿಭಾಗದ ಎಂಜಿನಿಯರ್ ಕದಿರವನ್ ಫ್ಯಾನ್ ರೂಮಿನೊಳಗೆ ಇದ್ದಾಗ ಎರಡನೇ ಫ್ಯಾನ್ ಏಕಾಏಕಿ ತಿರುಗಿ ಸ್ಥಳದಲ್ಲೇ ಮೃತಪಟ್ಟರು. ಇದಕ್ಕೆ ನೂಲುವ ವಿಭಾಗದ ಕಾರ್ಮಿಕೆಯಾದ ಇಸಕ್ಕಿಯಮ್ಮಾಳ್ ಕಾರಣ. ಆಕೆ ಶಾಖ ಅಳೆಯುವ ಸೆನ್ಸರ್ ಕೆಳಗೆ ಬಿಸಿ ಟೀ ಲೋಟ ಇಟ್ಟಿದ್ದಾಳೆ. ಕ್ರಮ ಜರುಗಿಸಬೇಕು.

ಇನ್‌ಸ್ಪೆಕ್ಟರ್ ಮಂಗೈಯರ್ಕರಸಿ ಅದನ್ನು ಎರಡು ಸಲ ಓದಿದಳು. ಎದುರಿಗೆ ಗಿರಣಿಯ ಮ್ಯಾನೇಜರ್ ಜಗದೀಸನ್ ಕುಳಿತಿದ್ದ.

"ಟೀ ಇಟ್ರೆ ಫ್ಯಾನ್ ಯಾಕ್ರೀ ತಿರುಗುತ್ತೆ?"

"ಎಲ್ಲಾ ಕನೆಕ್ಷನ್ ಇದೆ ಮೇಡಂ. ಪ್ರತಿ ಮೋಟಾರು, ಪ್ರತಿ ಫ್ಯಾನು, ಹಾಸ್ಟೆಲ್ ಫ್ಯಾನುಗಳೂ ಸೇರಿ ಕಂಪ್ಯೂಟರ್ ಕೈಲಿವೆ. ಸೆಕ್ಷನ್ ಬಿಸಿ ಆದ್ರೆ ಸೆನ್ಸರ್ ಹೇಳುತ್ತೆ, ಎರಡನೇ ಫ್ಯಾನು ತಾನಾಗೇ ಶುರು ಆಗುತ್ತೆ. ಇಲ್ಲದಿದ್ರೆ ಆಫ್. ಕರೆಂಟ್ ಉಳಿತಾಯ. ಈ ಹೆಂಗಸರು ಲೋಟ ಇಟ್ಟು ಅದಕ್ಕೆ ಮೋಸ ಮಾಡ್ತಾರೆ."

"ದಿನಾ?"

"ದಿನಾ."

"ಅಷ್ಟು ಸೆಖೆನಾ ಒಳಗೆ?"

ಜಗದೀಸನ್ ದೂರನ್ನು ಠಾಣೆಯ ರೈಟರ್ ಕಡೆ ಸರಿಸಿದ. ರೈಟರ್ ಎಫ್‌ಐಆರ್ ಬರೆದ. ನ್ಯಾಯ ಸಂಹಿತೆಯ 106ನೇ ಕಲಂ, ನಿರ್ಲಕ್ಷ್ಯದಿಂದ ಸಾವು. ಇಸಕ್ಕಿಯಮ್ಮಾಳನ್ನು ಗಿರಣಿಯವರೇ ತಮ್ಮ ವ್ಯಾನಿನಲ್ಲಿ ಕೂರಿಸಿಕೊಂಡು ಬಂದಿದ್ದರು. ನಲವತ್ತು ದಾಟಿದ ಹೆಂಗಸು, ತಲೆಗೂದಲಿಗೆಲ್ಲ ಹತ್ತಿಯ ಧೂಳು. ಕೆನ್ನೆಯ ಮೇಲೆ ಬೆರಳಿನ ಗುರುತು.

"ಯಾರು ಹೊಡೆದಿದ್ದು?"

"ಯಾರೂ ಇಲ್ಲ. ವ್ಯಾನ್ ಬಾಗಿಲಿಗೆ ಕೈ ಇತ್ತು, ಬಂದು ಬಡಿಯಿತು," ಎಂದಳು ಇಸಕ್ಕಿ ಜಗದೀಸನ್‌ನನ್ನೇ ನೋಡುತ್ತ. "ಅಮ್ಮಾ, ಮುನ್ನೂರು ದಿನ ಟೀ ಇಟ್ಟಿದೀನಿ. ಇವತ್ತು ಇಟ್ಟಿಲ್ಲ. ಟೀ ಬರೋದು ಹತ್ತಕ್ಕೆ. ಹತ್ತೂಕಾಲಿಗೆ ಕ್ಯಾನ್ ಖಾಲಿ. ಹನ್ನೊಂದಕ್ಕೆ ಬಿಸಿ ಟೀ ಎಲ್ಲಿಂದ ತರ್ಲಿ? ಇವರ ಮನೆಯಿಂದಾ?"

"ಏಯ್, ನಾಲಿಗೆ ಬಿಗಿ ಹಿಡಿ," ಎಂದ ಹೆಡ್ ಕಾನ್‌ಸ್ಟೇಬಲ್ ಪೊನ್ನುರಂಗಂ.

"ಬಿಗಿ ಹಿಡಿದ್ರೆ ಜೈಲಿಗೆ ಹಾಕ್ತೀರಲ್ಲಣ್ಣಾ."

ಅವಳನ್ನು ಬೆಂಚಿನ ಮೇಲೆ ಕೂರಿಸಿ, ಮಹಿಳಾ ಪೇದೆಯೊಬ್ಬಳನ್ನು ಕಾವಲಿಗೆ ಬಿಟ್ಟು ಇನ್‌ಸ್ಪೆಕ್ಟರ್ ಜೀಪು ಹತ್ತಿದಳು.

ಮಧ್ಯಾಹ್ನ 1.20ಕ್ಕೆ ಪಂಚನಾಮೆ ಆರಂಭವಾಯಿತು. ನೂಲುವ ವಿಭಾಗದ ಹಿಂಬದಿಯಲ್ಲಿ ಫ್ಯಾನ್ ರೂಮು. ನೀರು ಸಿಂಪಡಿಸಿ ಗಾಳಿಯನ್ನು ತೇವ ಮಾಡಿ ಒಳಕ್ಕೆ ತಳ್ಳುವ ಜಾಗ. ನೆಲವೆಲ್ಲ ಪಾಚಿ, ಕಣಕಾಲು ಮುಳುಗುವಷ್ಟು ನೀರು. ಬಾಗಿಲು ತೆರೆದರೆ ಫ್ಯಾನ್ ನಿಲ್ಲಿಸಬೇಕಾದ ಸ್ವಿಚ್ಚನ್ನು ಯಾರೋ ನೂಲಿನಿಂದ ಬಿಗಿದು ಕಟ್ಟಿದ್ದರು. ನೂಲು ಹಳೆಯದು, ಧೂಳು ಹಿಡಿದು ಕಪ್ಪಾಗಿತ್ತು.

"ಇದನ್ನ ಕಟ್ಟಿದ್ದು?"

"ಪದೇ ಪದೇ ಟ್ರಿಪ್ ಆಗ್ತಿತ್ತು," ಎಂದ ಜಗದೀಸನ್.

"ಕೆಳಗೆ ಮೇನ್ ಸ್ವಿಚ್ ಇದೆಯಲ್ಲ, ಅದನ್ನ ಯಾಕೆ ಇಳಿಸಲಿಲ್ಲ?"

"ಕದಿರವನ್ ಯಾವತ್ತೂ ಫೋನಲ್ಲೇ ಆಫ್ ಮಾಡೋದು. ಎಷ್ಟು ಶಾಖಕ್ಕೆ ಫ್ಯಾನ್ ಶುರು ಆಗಬೇಕು ಅನ್ನೋದನ್ನ ಮೂವತ್ತನಾಲ್ಕರಿಂದ ನಲವತ್ತೆರಡಕ್ಕೆ ಏರಿಸಿ ಒಳಗೆ ಹೋಗೋರು. ಸೆಕ್ಷನ್ ಅಷ್ಟು ಬಿಸಿ ಆಗೋದೇ ಇಲ್ಲವಲ್ಲ. ಇವತ್ತೂ 10.40ಕ್ಕೆ ಏರಿಸಿದಾರೆ."

ಹೆಣವನ್ನು ಹೊರಗೆ ತಂದಿದ್ದರು. ಪ್ಯಾಂಟು ಮೊಣಕಾಲಿನ ತನಕ ಮಡಚಿತ್ತು. ಬರಿಗಾಲು. ಇನ್‌ಸ್ಪೆಕ್ಟರ್ ಆ ಕಾಲುಗಳನ್ನು ನೋಡುತ್ತ ನಿಂತಳು.

"ಇವರ ಶೂ ಎಲ್ಲಿ?"

ಒಬ್ಬ ಫಿಟ್ಟರ್ ಮುಂದೆ ಬಂದು ಹೇಳಿದ. ಒಳಗೆ ಹೋಗುವವರೆಲ್ಲ ಚಪ್ಪಲಿ, ಶೂ ಬಾಗಿಲಲ್ಲೇ ಬಿಡುತ್ತಾರೆ. ನೆಲ ಜಾರುತ್ತದೆ. ಹೊರಗೆ ಚಪ್ಪಲಿ ಕಂಡರೆ ಒಳಗೆ ಆಳಿದೆ ಎಂದು ಲೆಕ್ಕ, ಆಗ ಯಾರೂ ಸೆನ್ಸರ್ ಹತ್ತಿರ ಸುಳಿಯುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿಲ್ಲ, ಎಲ್ಲರಿಗೂ ಗೊತ್ತು.

"ಹಾಗಾದ್ರೆ ಇವರದು ಎಲ್ಲಿ ಹೋಯ್ತು?"

ಠಾಣೆಯಲ್ಲಿ ಎಲ್ಲರೂ ಏಟ್ಟು ಎಂದು ಕರೆಯುವ ಹೆಡ್ ಕಾನ್‌ಸ್ಟೇಬಲ್ ಪೊನ್ನುರಂಗಂ ಎರಡು ತಾಸು ಹುಡುಕಿದ. ಕೊನೆಗೆ ವೇಸ್ಟ್ ಹತ್ತಿಯ ತಳ್ಳುಗಾಡಿಗೆ ಮೊಣಕೈ ತನಕ ಕೈ ಹಾಕಿ, ಸೀನುತ್ತ, ಕಪ್ಪು ಶೂ ಜೋಡಿಯನ್ನು ಎಳೆದು ತೆಗೆದ. ಒಳಗೆ ಕಾಲುಚೀಲ ನೀಟಾಗಿ ಮಡಚಿಟ್ಟಿತ್ತು.

"ಅಮ್ಮಾ, ಇದು ತಾನಾಗಿ ನಡೆದು ಬಂದಿಲ್ಲ."

"ಬಂದಿಲ್ಲ. ಒಳಗೆ ಆಳಿಲ್ಲ ಅಂತ ಎಲ್ಲರೂ ಅಂದ್ಕೊಳ್ಳಲಿ ಅಂತ ಯಾರೋ ಇದನ್ನ ಎತ್ತಿದಾರೆ. ಇದು ನಿರ್ಲಕ್ಷ್ಯ ಅಲ್ಲ ಏಟ್ಟು."

ಶೂಗಳನ್ನು ಬಟ್ಟೆಯಲ್ಲಿ ಸುತ್ತಿ, ಸೀಲ್ ಮಾಡಿ, ಪಂಚರ ಸಹಿ ಪಡೆದರು. ಎರಡನೇ ಫ್ಯಾನ್ ನಡೆಸುವ ಸೆನ್ಸರ್ ನೂಲುವ ವಿಭಾಗದ ನಾಲ್ಕನೇ ಕಂಬದಲ್ಲಿತ್ತು; ಕಂಪ್ಯೂಟರ್ ಕೋಣೆಯಲ್ಲಿ ಅದರ ಶಾಖದ ಗೆರೆಯನ್ನು ಇನ್‌ಸ್ಪೆಕ್ಟರ್ ತೆರೆಸಿದಳು. ಹಿಂದಿನ ದಿನಗಳಲ್ಲಿ ಟೀ ಇಟ್ಟಾಗಲೆಲ್ಲ ಗೆರೆ ಚಂಗನೆ ಏರಿ, ಸ್ವಲ್ಪ ಹೊತ್ತಿನಲ್ಲೇ ಇಳಿದಿತ್ತು. ಇವತ್ತು ನಲವತ್ತೇಳಕ್ಕೆ ಏರಿ ಇಪ್ಪತ್ತು ನಿಮಿಷ ಅಲ್ಲೇ ನಿಂತಿತ್ತು.

"ಟೀ ಇಷ್ಟು ಹೊತ್ತು ಬಿಸಿ ಇರುತ್ತಾ?"

"ಈ ಕ್ಯಾಂಟೀನ್ ಟೀ ಬರುವಾಗಲೇ ಬಿಸಿ ಇರಲ್ಲ," ಎಂದ ಏಟ್ಟು.

ನೂಲುವ ವಿಭಾಗದಲ್ಲಿ ಇಸಕ್ಕಿ ಸೇರಿ ಹತ್ತೊಂಬತ್ತು ಹೆಂಗಸರು. ಉಳಿದವರನ್ನು ಇನ್‌ಸ್ಪೆಕ್ಟರ್ ಒಬ್ಬೊಬ್ಬರಾಗಿ ಕರೆದಳು.

"ನಾಲ್ಕನೇ ಕಂಬದ ಹತ್ತಿರ ಯಾರು ಏನು ತಂದ್ರು?"

"ನೋಡಲಿಲ್ಲ."

"ಕಂಬ ನಿನ್ನ ಯಂತ್ರದ ಪಕ್ಕದಲ್ಲೇ ಇದೆ."

"ನಾನು ದಾರ ನೋಡ್ತೀನಿ. ಕಂಬ ನೋಡೋಕೆ ಸಂಬಳ ಕೊಡಲ್ಲ."

"ಕದಿರವನ್ ಹೆಂಗಿದ್ದ?"

"ಸತ್ತವರ ವಿಷಯ ಯಾಕೆ?"

ಎಲ್ಲರದೂ ಇದೇ ಧಾಟಿ. ಕದಿರವನ್ ಕಂಪ್ಯೂಟರಿನಲ್ಲಿ ಯಾರ ಯಂತ್ರ ಎಷ್ಟು ಹೊತ್ತು ನಿಂತಿತೆಂದು ನೋಡಿ, ಪಾಳಿ ಮುಗಿಯುವಾಗ ಮೈಕಿನಲ್ಲಿ ಹೆಸರು ಓದುತ್ತಿದ್ದನೆಂದು ಒಬ್ಬಳು ಹೇಳಿದಳು. "ಕಕ್ಕಸಿಗೆ ಹೋದ್ರೂ ಊರಿಗೆಲ್ಲ ಡಂಗುರ," ಎಂದವಳು ಕೂಡಲೇ ಬಾಯಿ ಮುಚ್ಚಿಕೊಂಡಳು. ಅವರಲ್ಲಿ ಯಾರ ಕಣ್ಣಲ್ಲೂ ನೀರಿರಲಿಲ್ಲ. ಪೊಲೀಸರನ್ನು ಕಂಡ ಭಯವೂ ಹೆಚ್ಚಿಗೆ ಇರಲಿಲ್ಲ.

ಜಗದೀಸನ್ ಅಸಹನೆಯಿಂದ ಬಂದ. "ಮೇಡಂ, ಯಂತ್ರ ನಿಂತಿವೆ. ಇಸಕ್ಕಿನೇ ಅಂತ ಬರೆದುಕೊಂಡು ಮುಗಿಸಿ. ಅವಳು ದಿನಾ ಮಾಡ್ತಿದ್ದದ್ದಕ್ಕೆ ಇಡೀ ಗಿರಣಿ ಸಾಕ್ಷಿ ಹೇಳುತ್ತೆ."

"ಹೇಳುತ್ತೆ. ನೀವು ಹೇಳಿಸ್ತೀರಿ. ಅದಕ್ಕೇ ನನಗೆ ಬೇಡ."

ಅವಳು ಅಂಗಳದ ಬೇವಿನ ಮರದ ಕೆಳಗೆ ನಿಂತು ನೀರು ಕುಡಿದಳು. ಈ ಗಿರಣಿಯೊಳಗೆ ಬಹಳ ಹೊತ್ತು ಬಿಸಿ ಇರುವ, ಕಂಬಕ್ಕೆ ಕಟ್ಟಬಹುದಾದ ವಸ್ತು ಯಾವುದು? ಇಸ್ತ್ರಿಪೆಟ್ಟಿಗೆ ಎಂದ ಏಟ್ಟು. ಸುತ್ತ ಹತ್ತಿ ಇರುವಾಗ ಇಸ್ತ್ರಿಪೆಟ್ಟಿಗೆ ತಂದರೆ ಮೊದಲು ಸೆಕ್ಷನ್ನಿಗೇ ಬೆಂಕಿ ಬೀಳುತ್ತದೆ. ಅವಳು ಸುಮ್ಮನೆ ಪ್ರಥಮ ಚಿಕಿತ್ಸೆಯ ಕೋಣೆಯ ಕಡೆ ನಡೆದಳು.

ನರ್ಸ್ ರೋಸಲಿನ್ ಎದ್ದು ನಿಲ್ಲಲಿಲ್ಲ.

"ಬಿಸಿನೀರಿನ ರಬ್ಬರ್ ಚೀಲ ಇದೆಯಾ?"

"ಇದೆ."

"ಇವತ್ತು ಯಾರು ತಗೊಂಡ್ರು?"

ರೋಸಲಿನ್ ಪೊನ್ನುರಂಗಂ ಕಡೆ ನೋಡಿದಳು. "ಹೊಟ್ಟೆನೋವಿಗೆ ಅಂತ ಹುಡುಗಿಯರು ಬಂದು ತಗೊಳ್ಳೋದು. ಗಂಡಸರ ಮುಂದೆ ಹೇಳೋ ವಿಷಯ ಅಲ್ಲ."

"ಏಟ್ಟು, ಹೊರಗೆ ಇರಿ."

ಬಾಗಿಲು ಮುಚ್ಚಿತು.

"ಯಾರಮ್ಮ?"

"ಪೂಂಗೊಡಿ. ಹತ್ತೂಮುಕ್ಕಾಲಿಗೆ ಬಂದ್ಳು. ಊಟದ ಹೊತ್ತಿಗೆ ವಾಪಸ್ ಕೊಟ್ಳು."

"ಇದಕ್ಕೆ ಮುಂಚೆ ಯಾವಾಗ ತಗೊಂಡಿದ್ಲು?"

"ತಮಿಳು ಹೊಸವರ್ಷದ ದಿನ. ಎರಡು ದಿನ ಇಟ್ಕೊಂಡಿದ್ಲು."

ಹೊಸವರ್ಷ ಕಳೆದು ಎಂಟು ದಿನ ಆಗಿತ್ತು. ರೋಸಲಿನ್ ತಾನು ಹೇಳಿದ್ದೇನೆಂದು ಆಗ ಅರ್ಥ ಮಾಡಿಕೊಂಡಳು.

"ತಿಂಗಳದ್ದು ಎಂಟೇ ದಿನಕ್ಕೆ ಮತ್ತೆ ಬರುತ್ತಾ ಅಕ್ಕಾ?" ಎಂದಳು ಇನ್‌ಸ್ಪೆಕ್ಟರ್.

"ಈ ಸೆಖೆಗೆ ಯಾರ ಲೆಕ್ಕ ನೆಟ್ಟಗಿದೆ?" ಎಂದಳು ರೋಸಲಿನ್. ಆದರೆ ದನಿಯಲ್ಲಿ ಬಲವಿರಲಿಲ್ಲ.

ಚೀಲವನ್ನು ವಶಪಡಿಸಿಕೊಂಡರು. ಅದರ ಕುತ್ತಿಗೆಗೆ ಹೊಸ ನೂಲಿನ ಎಳೆ ಸುತ್ತಿಕೊಂಡಿತ್ತು. ನಾಲ್ಕನೇ ಕಂಬದ ಮೊಳೆಯಲ್ಲೂ ಅದೇ ನೂಲಿನ ತುಂಡು ನೇತಾಡುತ್ತಿತ್ತು.

ಪೂಂಗೊಡಿಗೆ ಇಪ್ಪತ್ತನಾಲ್ಕು ವರ್ಷ. ಎದುರಿನ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಳು.

"ಹೊಟ್ಟೆನೋವು ಹೆಂಗಿದೆ?"

"ಪರವಾಗಿಲ್ಲ."

"ಚೀಲ ಹೊಟ್ಟೆಗೆ ಕಟ್ಕೊಂಡ್ಯಾ, ಕಂಬಕ್ಕೆ ಕಟ್ಟಿದ್ಯಾ?"

ಪೂಂಗೊಡಿ ಕಟ್ಟಿದ ಕೈ ಬಿಚ್ಚಿ ಬಟ್ಟೆಗೆ ಅಂಟಿದ ಹತ್ತಿ ಕಿತ್ತಳು.

"ಶೂ ಸಿಕ್ಕಿದೆ. ಇಸಕ್ಕಿ ಠಾಣೆಯಲ್ಲಿದಾಳೆ. ನೀನು ನೋಡ್ತಾ ಇರುವಾಗಲೇ ಅವಳನ್ನ ವ್ಯಾನಿಗೆ ಹತ್ತಿಸಿದ್ರು."

"ಇಸಕ್ಕಿ ಅಕ್ಕಂಗೆ ಬಾಯಿದೆ. ಹೇಗಾದ್ರೂ ಬಿಡಿಸ್ಕೊಳ್ತಾಳೆ ಅಂದ್ಕೊಂಡೆ."

"ಬಿಡಿಸ್ಕೊಳ್ಳೋಕೆ ಆಗಲ್ಲ. ನಾಳೆ ಕೋರ್ಟಿಗೆ ಹೋಗ್ತಾಳೆ. ಅವಳಿಗೆ ಮಕ್ಕಳೆಷ್ಟು?"

"ಮೂರು."

ಆಚೆ ನೂಲುವ ಯಂತ್ರಗಳ ಸದ್ದು ಕೇಳಿಸಿತು. ಜಗದೀಸನ್ ಮತ್ತೆ ಅವನ್ನು ಓಡಿಸಲು ಶುರುಮಾಡಿದ್ದ.

"ನಾನೇ," ಎಂದಳು ಪೂಂಗೊಡಿ. "ಅವನು ಶೂ ಬಿಚ್ಚಿ ಒಳಗೆ ಹೋಗೋದನ್ನ ನೋಡಿದೆ. ಟೀ ಇರಲಿಲ್ಲ. ಹೋಗಿ ಚೀಲ ತಂದೆ. ಶೂ ಎತ್ತಿ ಗಾಡಿಗೆ ತುರುಕಿದೆ. ಆಮೇಲೆ ಕಟ್ಟಿದೆ."

"ತಂಗಿ ಎಲ್ಲಿದಾಳೆ?" ಇನ್‌ಸ್ಪೆಕ್ಟರ್ ಚಿಕಿತ್ಸೆಯ ಕೋಣೆಯಿಂದ ಹೊರಡುವಾಗ ರೋಸಲಿನ್ ಇಷ್ಟನ್ನು ಮಾತ್ರ ಹೇಳಿದ್ದಳು: ಅವಳ ತಂಗಿಯ ಬಗ್ಗೆ ಕೇಳಿ.

"ಊರಲ್ಲಿ. ರಾಮನಾಥಪುರದ ಹತ್ತಿರ."

ತಂಗಿ ಮಲ್ಲಿಕಾ ರಾತ್ರಿ ಪಾಳಿಯವಳು. ಹಗಲು ಹಾಸ್ಟೆಲಿನಲ್ಲಿ ಮಲಗುತ್ತಿದ್ದಳು. ಹಗಲಲ್ಲಿ ರೂಮುಗಳು ಖಾಲಿ ಎಂದು ಕದಿರವನ್ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದ. ಒಂಬತ್ತು ಗಂಟೆಗೆ ಫ್ಯಾನುಗಳು ತಾವಾಗಿ ನಿಲ್ಲುತ್ತಿದ್ದವು. ತಗಡಿನ ಸೂರು. ಮಾರ್ಚ್ ಕೊನೆಯಲ್ಲಿ ಅವಳಿಗೆ ಜ್ವರ ಬಂತು.

"ಅವನ ಹತ್ತಿರ ಹೋಗಿ ಕೇಳ್ಕೊಂಡೆ, ಅಮ್ಮಾ. ಅಣ್ಣಾ, ಒಂದು ರೂಮಿನ ಫ್ಯಾನ್ ಹಾಕಿ ಅಂತ. ಅವನು ಫೋನ್ ತೆಗೆದು ನನಗೇ ತೋರಿಸಿದ. ನೋಡು, ರೂಮಲ್ಲಿ ಯಾರೂ ಇಲ್ಲ ಅಂತ ತೋರಿಸ್ತಿದೆ ಅಂದ. ನನ್ನ ಯಂತ್ರ ನಿಂತಿದೆ ಅಂತ ಸಂಜೆ ಮೈಕಲ್ಲಿ ನನ್ನ ಹೆಸರು ಓದಿದ."

"ತಂಗಿ?"

"ಮಧ್ಯಾಹ್ನ ಫಿಟ್ಸ್ ಬಂತು. ಬದುಕಿದಾಳೆ. ಮಾತಿಲ್ಲ. ನನ್ನ ಗುರುತೂ ಇಲ್ಲ. ಗಿರಣಿಯವರು ಟೈಫಾಯ್ಡ್ ಅಂತ ಬರೆದು ಮನೆಗೆ ಕಳಿಸಿದ್ರು."

"ಶೂ ಯಾಕೆ ಎತ್ತಿದೆ? ಯಾರಾದ್ರೂ ನೋಡಿ ಚೀಲ ಬಿಚ್ತಾರೆ ಅಂತಾನಾ?"

ಪೂಂಗೊಡಿ ಮೊದಲ ಸಲ ನೇರವಾಗಿ ನೋಡಿದಳು.

"ಒಳಗೆ ಯಾರೂ ಇಲ್ಲ ಅಂತ ತೋರಿಸಿದೆ."

ಮಂಗೈಯರ್ಕರಸಿ ಅದನ್ನು ಅವಳ ಮಾತಿನಲ್ಲೇ ಬರೆಸಿದಳು. ಸಂಜೆ 5.40ಕ್ಕೆ ಬಂಧನ ದಾಖಲಾಯಿತು. ಕಲಂ ಬದಲಾಯಿಸಿ 103, ಕೊಲೆ, ಎಂದು ಮ್ಯಾಜಿಸ್ಟ್ರೇಟರಿಗೆ ವರದಿ ಹೋಯಿತು. ಕಟ್ಟಿಹಾಕಿದ ಸ್ವಿಚ್ಚಿನ ಬಗ್ಗೆ, ಹಾಸ್ಟೆಲ್ ಫ್ಯಾನುಗಳ ಬಗ್ಗೆ ಕಾರ್ಖಾನೆ ಇನ್‌ಸ್ಪೆಕ್ಟರ್ ಕಚೇರಿಗೆ ಪ್ರತ್ಯೇಕ ಪತ್ರ ಹೋಯಿತು. ಉತ್ತರ ಬರಲಿಲ್ಲ.

ಇಸಕ್ಕಿಯನ್ನು ಬಿಟ್ಟು ಕಳಿಸುವಾಗ ಅವಳು ಠಾಣೆಯ ಮೆಟ್ಟಿಲಲ್ಲಿ ತಿರುಗಿ ನಿಂತಳು.

"ಅವಳನ್ನ ಹಿಡಿದ್ರಲ್ಲಮ್ಮಾ. ನನ್ನನ್ನೇ ಇಟ್ಕೊಂಡಿದ್ರೆ ನಿರ್ಲಕ್ಷ್ಯ ಅಂತ ಎರಡು ವರ್ಷದಲ್ಲಿ ಮುಗೀತಿತ್ತು."

"ಹೋಗು ಮನೆಗೆ."

"ಎಲ್ಲಿಯ ಮನೆ? ಹಾಸ್ಟೆಲಿಂದ ಗಂಟುಮೂಟೆ ಹೊರಗೆ ಹಾಕಿದಾರಂತೆ."

ನಿಜವಾಗಿತ್ತು. ಆ ವಾರದೊಳಗೆ ವಿಭಾಗದ ಹೆಂಗಸರನ್ನೆಲ್ಲ ಕಳಿಸಿ ಒಡಿಶಾದಿಂದ ಬೇರೆಯವರನ್ನು ತಂದರು. ಉಳಿತಾಯ ನೋಡಿಕೊಳ್ಳಲು ಹೊಸ ಎಂಜಿನಿಯರ್ ಬಂದ.

ಕದಿರವನ್ ಸತ್ತ, ಅವನ ಹೆಂಡತಿ ಐದು ತಿಂಗಳ ಬಸುರಿ. ಮಲ್ಲಿಕಾಳ ಮಾತು ಹೋಯಿತು. ಪೂಂಗೊಡಿ ಕೊಯಮತ್ತೂರಿನ ಜೈಲಿನಲ್ಲಿದ್ದಾಳೆ. ಉಳಿದ ಹದಿನೆಂಟು ಹೆಂಗಸರ ಕೆಲಸ ಹೋಯಿತು. ಗಿರಣಿಗೆ ಆದ ನಷ್ಟ ಅರ್ಧ ಪಾಳಿಯ ನೂಲು ಮತ್ತು ಫ್ಯಾನಿನ ಒಂದು ಬೆಲ್ಟು.