ಒಂಬತ್ತು ಹಾಳೆಯ ಲಸಾನ್ಯ

"ಅಜ್ಜೀ, ಬೇಡಾ! ಅದು ಹಪ್ಪಳ ಅಲ್ಲ!"

ದಿವ್ಯಶ್ರೀ ಶಾಲೆಯ ಬ್ಯಾಗನ್ನು ಜಗಲಿಯಲ್ಲೇ ಎಸೆದು ಅಡುಗೆಮನೆಗೆ ಓಡಿದಳು. ಆದರೆ ಲಿಂಗಮ್ಮಜ್ಜಿಯ ಕೈ ಅವಳಿಗಿಂತ ಮುಂದಿತ್ತು. ತಿಳಿಹಳದಿ ಬಣ್ಣದ, ಅಂಗೈಗಿಂತ ಉದ್ದದ ಒಂದು ಹಾಳೆ ಆಗಲೇ ಬಾಣಲೆಯ ಕಾದ ಎಣ್ಣೆಗೆ ಇಳಿದಿತ್ತು.

ಅಜ್ಜಿ ಜಾಲರಿ ಹಿಡಿದು ಅದು ಉಬ್ಬಲೆಂದು ಕಾದರು. ಉಬ್ಬಲಿಲ್ಲ. ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದವು, ಬಣ್ಣ ಕಂದಾಯಿತು, ಅಷ್ಟೆ. ತೆಗೆದು ತಟ್ಟೆಗೆ ಹಾಕಿದಾಗ ಹೆಂಚಿನ ಚೂರು ಬಿದ್ದ ಹಾಗೆ ಟಣ್ ಎಂದಿತು.

"ಇದ್ಯಾವ ಸೀಮೆ ಹಪ್ಪಳನವ್ವ! ಉಪ್ಪಿಲ್ಲ, ಜೀರಿಗೆ ಇಲ್ಲ, ಉಬ್ಬಾಕೂ ಬರಲ್ಲ," ಎಂದರು ಅಜ್ಜಿ.

"ಅದು ಲಸಾನ್ಯದ್ದು ಅಜ್ಜಿ! ಇಟಲಿ ತಿಂಡೀದು! ನಾಳೆ ಸ್ಕೂಲಿಗೆ ಬೇಕು ಅಂತ ಎತ್ತಿಟ್ಟಿದ್ದೆ. ನೀವ್ಯಾಕೆ ಮುಟ್ಟಿದ್ರಿ? ಇದ್ದಿದ್ದೇ ಹತ್ತು. ಎಲ್ಲಾ ಹಾಳು ಮಾಡ್ತೀರ!"

"ನೀನು ಹಸ್ಕೊಂಡು ಬತ್ತೀಯ ಅಂತ..." ಅಜ್ಜಿ ಮಾತು ಅಲ್ಲಿಗೇ ಬಿಟ್ಟು ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದರು.

ದಿವ್ಯಶ್ರೀ ಉಳಿದ ಹಾಳೆಗಳನ್ನು ಎಣಿಸಿದಳು. ಒಂಬತ್ತು. ಪ್ಯಾಕೆಟನ್ನು ಎದೆಗೆ ಒತ್ತಿಕೊಂಡು ನಿಂತಳು. ಹೊಸದು ತರೋಣವೆಂದರೆ ಕೊಡ್ಲಿಪೇಟೆಯ ಯಾವ ಅಂಗಡಿಯಲ್ಲೂ ಅದು ಸಿಗುವುದಿಲ್ಲ.

ಆ ಪ್ಯಾಕೆಟ್ ಬಂದದ್ದು ಉತ್ತಯ್ಯನವರ ಹೋಂಸ್ಟೇಯಿಂದ. ಅವಳ ಅಪ್ಪ ದೇವರಾಜು ಅಲ್ಲಿ ಜೀಪ್ ಓಡಿಸುತ್ತಿದ್ದರು. ಗೆಸ್ಟುಗಳು ಹೊರಡುವಾಗ ಅಡುಗೆಮನೆಯಲ್ಲಿ ಏನಾದರೊಂದು ಬಿಟ್ಟು ಹೋಗುವರು. ಅರ್ಧ ಸಾಸ್ ಬಾಟಲಿ, ಓಟ್ಸ್ ಡಬ್ಬ, ಒಮ್ಮೆ ಒಂದೇ ಒಂದು ಚಪ್ಪಲಿ. "ಮಗಳಿಗೆ ತಗೊಂಡು ಹೋಗು ದೇವರಾಜು," ಎಂದು ಉತ್ತಯ್ಯ ತಿನ್ನುವ ವಸ್ತುಗಳನ್ನೆಲ್ಲ ಕೊಟ್ಟು ಕಳಿಸುವರು. ಲಸಾನ್ಯದ ಒಣ ಹಾಳೆಗಳು ಬಂದದ್ದೂ ಹಾಗೆಯೇ.

ಅವಳ ಶಾಲೆಯಲ್ಲಿ ನಾಳೆ ಬ್ಯಾಗಿಲ್ಲದ ಶನಿವಾರ. ಈ ಸಲ ಟೀಚರ್ ದೇಶಗಳ ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ, ಇಬ್ಬಿಬ್ಬರಿಗೆ ಒಂದು ಚೀಟಿಯಂತೆ ಎತ್ತಿಸಿದ್ದರು. ಯಾವ ದೇಶ ಬರುತ್ತದೋ ಆ ದೇಶದ ತಿಂಡಿ ಮಾಡಿಸಿ ತರಬೇಕು. ದಿವ್ಯಶ್ರೀಗೂ ಅವಳ ಗೆಳತಿ ಪೂವಮ್ಮನಿಗೂ ಇಟಲಿ ಬಂತು.

"ಲಸಾನ್ಯ ತರ್ತೀವಿ ಮಿಸ್," ಎಂದು ದಿವ್ಯಶ್ರೀ ಎದ್ದು ನಿಂತು ಹೇಳಿದ್ದಳು.

ಹಿಂದಿನ ಬೆಂಚಿನಿಂದ ಲೋಹಿತ್ ನಕ್ಕಿದ್ದ. "ಲಸಾನ್ಯಾನಾ? ಅದಕ್ಕೆ ಓವನ್ ಬೇಕು. ನಾನು ಯೂಟ್ಯೂಬಲ್ಲಿ ನೋಡಿದೀನಿ. ಓವನ್ ಐತಾ ನಿಮ್ಮನೇಲಿ?"

"ನೋಡ್ತಾ ಇರು."

"ನೋಡ್ತೀನಿ, ನೋಡ್ತೀನಿ. ಡಬ್ಬೀಲಿ ಚಿತ್ರಾನ್ನ ತಂದು ಇಟಲಿ ಚಿತ್ರಾನ್ನ ಅಂತೀಯ!"

ಇಡೀ ಕ್ಲಾಸು ನಕ್ಕಿತ್ತು. ಪೂವಮ್ಮ ಮಾತ್ರ ನಗಲಿಲ್ಲ. ಇವತ್ತು ಮನೆಗೆ ಬರುವಾಗ ಅವಳು ಚೀಸ್ ಪೊಟ್ಟಣ ಕೈಗಿಟ್ಟು ಕೇಳಿದ್ದಳು: "ನಮ್ಮಮ್ಮ ಮ್ಯಾಕರೋನಿ ಮಾಡ್ಕೊಡ್ತೀನಿ ಅಂದ್ರು. ಬೇಡ, ದಿವ್ಯಾ ತರ್ತಾಳೆ ಅಂದ್ಬಿಟ್ಟೆ. ತರ್ತೀಯ ಅಲ್ವಾ?"

"ತರ್ತೀನಿ ಅಂದ್ನಲ್ಲ ಪೂವೀ."

ತರದಿದ್ದರೆ ನಾಳೆ ಇಟಲಿಯ ಟೇಬಲ್ಲು ಖಾಲಿ. ಅದರ ಹಿಂದೆ ಇವರಿಬ್ಬರು ಕೈಕಟ್ಟಿ ನಿಲ್ಲಬೇಕು. ಎದುರಿಗೆ ಲೋಹಿತ್ ಇರುತ್ತಾನೆ.

ಸಂಜೆ ಅಮ್ಮ ಕುಸುಮಾ ತೋಟದಿಂದ ಬಂದು ಕೈಕಾಲು ತೊಳೆದು, ಸೀಮೆಬದನೆ, ಕ್ಯಾರೆಟ್ಟು ಸಣ್ಣಗೆ ಹೆಚ್ಚಿದರು. ಟೊಮೆಟೊ ಗೊಜ್ಜಿನ ಹಾಗೆ ಕುದಿಸಿ, ಕಾಳುಮೆಣಸು ಕುಟ್ಟಿ ಹಾಕಿದರು. ಇನ್ನೊಂದು ಒಲೆಯಲ್ಲಿ ಬೆಣ್ಣೆ, ಮೈದಾ, ಹಾಲು ಸೇರಿಸಿ ಗಂಟಾಗದಂತೆ ಕಲಕತೊಡಗಿದರು.

"ಹಾಳೆ ನಾನೇ ಬೇಯಿಸ್ತೀನಿ. ಯಾರೂ ಮುಟ್ಟಬೇಡಿ," ಎಂದಳು ದಿವ್ಯಶ್ರೀ. ಹೇಳುವಾಗ ಅಜ್ಜಿಯ ಕಡೆ ನೋಡಿದಳು. ಬಾಗಿಲ ಬಳಿ ಕೂತಿದ್ದ ಅಜ್ಜಿ ತಲೆ ಎತ್ತದೆ ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದರು.

ಪ್ಯಾಕೆಟಿನ ಹಿಂದೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಕುದಿಯುವ ನೀರು, ಉಪ್ಪು, ಎಂಟು ನಿಮಿಷ. ಇಷ್ಟು ಅವಳಿಗೆ ಅರ್ಥವಾಯಿತು. ನೀರು ಕೊತಕೊತ ಎನ್ನುತ್ತಲೇ, ಶಾವಿಗೆ ಸುರಿದ ಹಾಗೆ ಒಂಬತ್ತೂ ಹಾಳೆಗಳನ್ನು ಜೋಡಿಸಿ ಒಟ್ಟಿಗೇ ಬಿಟ್ಟಳು. ತಟ್ಟೆ ಮುಚ್ಚಿ ಗಡಿಯಾರ ನೋಡುತ್ತ ಕೂತಳು.

ತಟ್ಟೆ ತೆಗೆದಾಗ ಪಾತ್ರೆಯಲ್ಲಿ ಹಾಳೆಗಳಿರಲಿಲ್ಲ. ಮಳೆಯಲ್ಲಿ ನೆಂದ ನೋಟ್‌ಬುಕ್ಕಿನಂಥ ಒಂದು ದಪ್ಪ ಗಂಟು ಇತ್ತು.

ಅವಳು ಸೌಟಿನಿಂದ ಅದನ್ನು ತಟ್ಟೆಗೆ ಎತ್ತಿಕೊಂಡಳು. ಮೇಲಿನ ಹಾಳೆಯ ತುದಿ ಹಿಡಿದು ಎಳೆದಳು. ತುದಿ ಕೈಗೆ ಬಂತು, ಹಾಳೆ ಅಲ್ಲೇ ಉಳಿಯಿತು. ಇನ್ನೊಂದು ಕಡೆ ಎಳೆದಳು. ಅದೂ ಹರಿಯಿತು.

"ಅಮ್ಮಾ..."

ಕುಸುಮಾ ಬಗ್ಗಿ ನೋಡಿದರು. "ಅಯ್ಯೋ ಶಿವನೇ! ಎಲ್ಲಾನೂ ಒಂದೇ ಸಲ ಬಿಟ್ಟೇನೇ?"

ದಿವ್ಯಶ್ರೀ ಹರಿದ ತುದಿಯನ್ನು ತಟ್ಟೆಯ ಅಂಚಿಗಿಟ್ಟಳು. ಈಗ ಅಜ್ಜಿ ಮಾತಾಡುತ್ತಾರೆ ಎಂದುಕೊಂಡಳು. ನಾನು ಒಂದು ಹಾಳು ಮಾಡಿದ್ದಕ್ಕೆ ಹಂಗೆ ಕಿರುಚಿದೆಯಲ್ಲ, ಈಗ ನೀನೇನು ಮಾಡ್ದೆ ಎಂದು ಕೇಳುತ್ತಾರೆ.

ಅಜ್ಜಿ ಎದ್ದು ಬಂದರು. ಗಂಟನ್ನು ನೋಡಿದರು. "ಹೋಗ್ಲಿ ಬುಡವ್ವ. ಹಸುಗೆ ಹಾಕಿದ್ರಾಯ್ತು. ಅಳಬ್ಯಾಡ," ಎಂದರು.

ಬೈದಿದ್ದರೇ ವಾಸಿಯಿತ್ತು. ದಿವ್ಯಶ್ರೀಯ ಕಣ್ಣು ತುಂಬಿ, ತಟ್ಟೆಯಲ್ಲಿದ್ದದ್ದು ಮಂಜುಮಂಜಾಯಿತು.

ಅಜ್ಜಿ ತಟ್ಟೆ ಎತ್ತಿಕೊಂಡರು. ಅವರ ಕೈ ನಡುಗುತ್ತಿತ್ತು. ಎರಡು ವರ್ಷದಿಂದ ಅದು ಹಾಗೆಯೇ. ಅದಕ್ಕೇ ಬೇಸಿಗೆಯಲ್ಲಿ ಅಕ್ಕಿಸಂಡಿಗೆ ಇಟ್ಟರೆ, ಹಳೇ ಸೀರೆಯಿಂದ ಅದನ್ನು ಬಿಡಿಸುವುದು ಈಗ ದಿವ್ಯಶ್ರೀಯ ಕೆಲಸ. ಒಣಗಿದ ಸಂಡಿಗೆ ಬಟ್ಟೆಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಚೂರುಚೂರು. ಬಟ್ಟೆಯ ಹಿಂದಿನಿಂದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಸುಮ್ಮನಿರಬೇಕು. ನೀರು ಒಳಗೆ ಹೋದ ಮೇಲೆ ಸಂಡಿಗೆ ತಾನಾಗಿಯೇ ಕೈ ಬಿಡುತ್ತದೆ.

"ಅಜ್ಜಿ, ಇರಿ! ಹಸುಗೆ ಹಾಕಬೇಡಿ!"

ಅವಳು ಅಗಲವಾದ ಬೇಸನ್ನಿನಲ್ಲಿ ತಣ್ಣೀರು ತುಂಬಿ, ಗಂಟನ್ನು ಅದರೊಳಗೆ ಮುಳುಗಿಸಿದಳು. ಸುಮ್ಮನೆ ಕೂತಳು.

"ಏನ್ ಮಾಡ್ತಿದೀಯೇ?" ಅಮ್ಮ ಕೇಳಿದರು.

"ಶ್! ನೀರು ಹೋಗ್ಲಿ."

ಸ್ವಲ್ಪ ಹೊತ್ತಿನ ಮೇಲೆ ಅವಳು ನೀರೊಳಗೇ ಒಂದು ಮೂಲೆಯನ್ನು ಹುಡುಕಿದಳು. ಎಳೆಯಲಿಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ತೀಡಿ, ಆದ ಸಂದಿಗೆ ನೀರು ಬಿಟ್ಟಳು. ಬೆರಳು ಒಂಚೂರು ಮುಂದೆ. ಮತ್ತೆ ನೀರು. ಮತ್ತೆ ಒಂಚೂರು.

ಮೊದಲ ಹಾಳೆ ಆಗಲೇ ಹರಿದಿತ್ತು. ಅದು ಚೂರಾಗಿ ಬಂತು. ಎರಡನೆಯದು ಅರ್ಧ ಬಂದು ನಿಂತಿತು. ಅವಳೂ ಕೈ ನಿಲ್ಲಿಸಿದಳು. ಇನ್ನಷ್ಟು ನೀರು ಒಳಗೆ ಹೋಯಿತು. ಹಾಳೆ ಮೀನಿನ ಹಾಗೆ ಜಾರಿ ಮೇಲೆ ತೇಲಿತು. ಇಡೀ ಹಾಳೆ!

"ಬಂತು! ಅಜ್ಜಿ, ಬಂತು! ಬಟ್ಟೆ, ಒದ್ದೆ ಬಟ್ಟೆ!"

ಅಜ್ಜಿ ಮಡಿಪಂಚೆಯನ್ನೇ ನೀರಲ್ಲಿ ಅದ್ದಿ, ಹಿಂಡಿ, ಹಲಗೆಯ ಮೇಲೆ ಹಾಸಿದರು. ದಿವ್ಯಶ್ರೀ ಎರಡೂ ಕೈಯಲ್ಲಿ ಹಾಳೆಯನ್ನು ತಂದು ಅದರ ಮೇಲೆ ಮಲಗಿಸಿದಳು. ಆಮೇಲೆ ಒಂದಾದ ಮೇಲೊಂದು. ಅವಳು ಬಿಡಿಸುತ್ತಿದ್ದಳು, ಅಜ್ಜಿ ಮಕ್ಕಳ ತಲೆಗೆ ಎಣ್ಣೆ ಹಚ್ಚುವ ಹಾಗೆ ಹಾಳೆಗಳ ಮೇಲೆ ಒಂದೊಂದು ಹನಿ ಎಣ್ಣೆ ಸವರುತ್ತಿದ್ದರು.

ಆರು ಹಾಳೆ ಇಡಿಯಾಗಿ ಸಿಕ್ಕವು. ಮೂರು ಹರಿದವು.

ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಅಪ್ಪ ಒಳಗೆ ಬಂದು ಪಂಚೆಯ ಮೇಲಿನ ಸಾಲು ನೋಡಿದರು. "ಓಹೋ, ಇಟಲಿ ಬಟ್ಟೆ ಒಗೆದು ಹಾಕಿದ್ದೀರ!"

"ಅಪ್ಪಾ, ತಮಾಷೆ ಬೇಡ. ನೀವು ಹೋಂಸ್ಟೇಲಿ ಲಸಾನ್ಯ ನೋಡಿದೀರಲ್ಲ. ಹೆಂಗಿರುತ್ತೆ?"

ದೇವರಾಜು ಗಲ್ಲ ಕೆರೆದುಕೊಂಡರು. "ಕುಯ್ದಾಗ ಪದರ ಪದರವಾಗಿ ನಿಲ್ಲಬೇಕು ಮಗ. ನಿಂತ್ರೆ ಲಸಾನ್ಯ. ಕುಸಿದ್ರೆ ಬಿಸಿಬೇಳೆಬಾತ್."

ಮನೆಯಲ್ಲಿದ್ದದ್ದು ದುಂಡನೆಯ ಅಲ್ಯೂಮಿನಿಯಂ ದಬರಿ. ಹಾಳೆಗಳೋ ಉದ್ದನೆಯವು. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಸುತ್ತಲೂ ಅರ್ಧಚಂದ್ರದಂಥ ಜಾಗ ಖಾಲಿ ಉಳಿಯುತ್ತಿತ್ತು. ದಿವ್ಯಶ್ರೀ ಹರಿದ ಚೂರೊಂದನ್ನು ಅಲ್ಲಿಟ್ಟು ನೋಡಿದಳು. ಸರಿಯಾಗಿ ಕೂತಿತು. ಒಂದು ಪದರ ಹಾಳೆ, ಅದರ ಮೇಲೆ ಕೆಂಪು ಗೊಜ್ಜು, ಬಿಳಿ ಸಾಸು, ಮತ್ತೆ ಹಾಳೆ. ಹರಿದ ಮೂರೂ ಹಾಳೆಗಳು ಸಂದಿಗೊಂದಿಗಳಲ್ಲಿ ಖರ್ಚಾಗಿ ಹೋದವು. ಒಂದು ಚೂರೂ ಮಿಗಲಿಲ್ಲ. ಕೊನೆಗೆ ಪೂವಮ್ಮನ ಚೀಸನ್ನೆಲ್ಲ ತುರಿದು ಹರಡಿ, ದಬರಿಯನ್ನು ಫ್ರಿಜ್ಜಿನಲ್ಲಿಟ್ಟರು.

ಬೆಳಿಗ್ಗೆ ಅಮ್ಮ ಒಲೆಯಲ್ಲಿ ಬೆಂಕಿ ಆರಿಸಿ ಬರೀ ಕೆಂಡ ಉಳಿಸಿದರು. ದಬರಿ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದರು. ಮೊದಲು ಬೆಣ್ಣೆಯ ವಾಸನೆ ಬಂತು, ಆಮೇಲೆ ಚೀಸಿನದು, ಕೊನೆಗೆ ಸ್ವಲ್ಪ ಸೀದದ್ದು.

"ತಳ ಹತ್ತಿತು! ಇಳ್ಸಮ್ಮಾ!"

ಮುಚ್ಚಳ ತೆಗೆದರೆ ಮೇಲೆಲ್ಲ ಹೊಂಬಣ್ಣ, ಅಲ್ಲಲ್ಲಿ ಕಂದು ಚುಕ್ಕೆ. ಅಜ್ಜಿ ಬಗ್ಗಿ ಮೂಸಿ, "ಹಿಂಗೂ ಮಾಡ್ತಾರಾ!" ಎಂದರು. ದಬರಿಗೆ ಟವೆಲ್ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ದಿವ್ಯಶ್ರೀ ಅಪ್ಪನ ಜೀಪಿನಲ್ಲಿ ಶಾಲೆಗೆ ಹೋದಳು. ಹಳ್ಳ ಬಂದಾಗಲೆಲ್ಲ, "ಮೆಲ್ಲಗೆ ಅಪ್ಪಾ, ಪದರ!" ಎನ್ನುತ್ತಿದ್ದಳು. ಉಳಿದ ದಾರಿಯಲ್ಲೆಲ್ಲ ಲೋಹಿತನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು. ಪದರ ನಿಂತರೆ ಎಲ್ಲರ ಮುಂದೆ ಅವನನ್ನು ಕೇಳಬೇಕು: ಎಲ್ಲಪ್ಪಾ ನಿನ್ನ ಓವನ್?

ಶಾಲೆಯ ಹಾಲಿನಲ್ಲಿ ಟೇಬಲ್ಲುಗಳ ಸಾಲು. ಚೀನಾದ ಟೇಬಲ್ಲಿನಲ್ಲಿ ಲೋಹಿತ್ ಗೋಬಿ ಮಂಚೂರಿ ಇಟ್ಟುಕೊಂಡು ನಿಂತಿದ್ದ. ದಬರಿ ನೋಡಿದ್ದೇ ಓಡಿ ಬಂದ.

"ದಬರೀಲಿ ಲಸಾನ್ಯ! ಮಿಸ್, ನೋಡಿ, ದಬರಿ ಲಸಾನ್ಯ!"

"ಮೊದಲು ಕುಯ್ಯಲಿ ಇರೋ," ಎಂದು ಟೀಚರ್ ಚಾಕು ಕೊಟ್ಟರು. ಮಕ್ಕಳೆಲ್ಲ ಸುತ್ತ ಸೇರಿದರು.

"ನಂಗೆ ನೋಡಕ್ಕಾಗಲ್ಲ," ಎಂದು ಪೂವಮ್ಮ ಕಣ್ಣು ಮುಚ್ಚಿಕೊಂಡಳು.

ದಿವ್ಯಶ್ರೀ ಉದ್ದಕ್ಕೆ ಕುಯ್ದಳು, ಅಡ್ಡಕ್ಕೆ ಕುಯ್ದಳು. ದೋಸೆ ಮಗುಚುವ ಸಟ್ಟುಗವನ್ನು ಅಡಿಗೆ ತೂರಿಸಿ ಮೊದಲ ತುಂಡನ್ನು ಎತ್ತಿದಳು. ತುಂಡು ಒಂದು ಸಲ ಅಲುಗಿತು. ತಟ್ಟೆಯ ಮೇಲೆ ಕೂತಿತು.

ನಿಂತಿತು.

ಹಳದಿ, ಕೆಂಪು, ಬಿಳಿ. ಮತ್ತೆ ಹಳದಿ, ಕೆಂಪು, ಬಿಳಿ. ಪದರಗಳೆಲ್ಲ ಗೆರೆ ಎಳೆದ ಹಾಗೆ ಕಾಣುತ್ತಿದ್ದವು.

"ಪೂವೀ, ಕಣ್ಣು ಬಿಡೇ!"

ಪೂವಮ್ಮ ಕಣ್ಣು ಬಿಟ್ಟು ಕಿರುಚಿದ ಕಿರುಚಿಗೆ ಆಫೀಸ್ ರೂಮಿನಿಂದ ಹೆಡ್‌ಮಾಸ್ಟರ್ ಬಂದರು. ಅವರಿಗೂ ಒಂದು ತುಂಡು ಸಿಕ್ಕಿತು.

"ಹಾಳೆ ಅಂಟಿಕೊಳ್ಳದ ಹಾಗೆ ಹೇಗೆ ಬೇಯಿಸಿದ್ರಿ?" ಟೀಚರ್ ತುಂಡು ಬಾಯಲ್ಲಿ ಇಟ್ಟುಕೊಂಡೇ ಕೇಳಿದರು.

"ಅಂಟ್ಕೊಂಡಿತ್ತು ಮಿಸ್. ಒಂದನ್ನ ನಮ್ಮಜ್ಜಿ ಕರಿದ್ರು. ಒಂಬತ್ತನ್ನ ನಾನು ಅಂಟಿಸ್ದೆ. ಆಮೇಲೆ ಬಿಡಿಸಿದ್ವಿ."

ಎಲ್ಲರೂ ನಕ್ಕರು. ದಿವ್ಯಶ್ರೀಯೂ ನಕ್ಕಳು. ಈ ಸಲದ ನಗು ಬೇರೆ ಥರ ಇತ್ತು.

ಎರಡನೇ ಬೆಲ್ಲಿಗೆ ಮೊದಲೇ ದಬರಿ ಖಾಲಿ. ಅಂಚಿನಲ್ಲಿ ಕರಕಲಾದ ಚೀಸು, ತಳಕ್ಕೆ ಹತ್ತಿದ ಹಾಳೆ ಮಾತ್ರ ಉಳಿದಿತ್ತು. ಮಕ್ಕಳು ಬೇರೆ ಟೇಬಲ್ಲುಗಳ ಕಡೆ ಓಡಿದ್ದರು. ತಲೆ ಎತ್ತಿ ನೋಡಿದರೆ ಎದುರಿಗೆ ಲೋಹಿತ್. ಕೈಯಲ್ಲಿ ಖಾಲಿ ತಟ್ಟೆ, ಒಂದು ಚಮಚ.

"ನಂಗೆ ಒಂದೇ ಪೀಸ್ ಸಿಕ್ಕಿದ್ದು," ಎಂದ ಅವನು, ದಬರಿಯೊಳಗೆ ಇಣುಕುತ್ತ. "ಮೂಲೇಲಿ ಇನ್ನೂ ಐತೆ. ಕೆರ್ಕೊಳ್ಲಾ?"

ದಾರಿಯುದ್ದಕ್ಕೂ ತಿದ್ದಿಟ್ಟುಕೊಂಡಿದ್ದ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹಾಲಿನಲ್ಲಿ ಎಲ್ಲರೂ ಇದ್ದರು. ಹೇಳಿದ್ದರೆ ಎಲ್ಲರಿಗೂ ಕೇಳಿಸುತ್ತಿತ್ತು. ಲೋಹಿತ್ ಆಗಲೇ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಚಮಚದಿಂದ ತಳ ಕೆರೆಯುತ್ತಿದ್ದ. ಮೂಗಿನ ಮೇಲೆ ಒಂದು ಚುಕ್ಕೆ ಬಿಳಿ ಸಾಸು ಅಂಟಿತ್ತು.

ಇನ್ನೇನು ಹೇಳುವುದು ಎನ್ನಿಸಿತು ಅವಳಿಗೆ. ದಬರಿಯ ಅಂಚು ಹಿಡಿದು, ಅವನಿಗೆ ಎಟುಕುವ ಹಾಗೆ ಓರೆ ಮಾಡಿದಳು.

"ಮೆಲ್ಲಗೆ ಕೆರೆಯೋ. ತಳ ತೂತಾಗುತ್ತೆ."