ಕಿವಿಮಾತು ಮತ್ತು ಕೆಂಪು ಗೆರೆ

ಲಿಫ್ಟು ಕೆಟ್ಟು ಇಪ್ಪತ್ತೊಂದು ದಿನವಾಗಿತ್ತು. ಹುಬ್ಬಳ್ಳಿಯ ಆ ಬಹುಮಹಡಿ ಕಟ್ಟಡದ ಕಚೇರಿಯಲ್ಲಿ ನಿವೃತ್ತ ಬಸ್ ಚಾಲಕ ಫಕೀರಪ್ಪ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಿದ್ದರು. ಅವರ ಮನೆ ಏಳನೆಯ ಮಹಡಿಯಲ್ಲಿ. ಮೊಣಕಾಲು ನೋವಿನ ಹೆಂಡತಿ ಮೂರು ವಾರದಿಂದ ಕೆಳಗೆ ಇಳಿದಿರಲಿಲ್ಲ.

"ವಿ ಆರ್ ಆನ್ ಇಟ್, ಅಂಕಲ್. ಶುಡ್ ಬಿ ಡನ್ ಸೂನ್," ಎಂದ ಮ್ಯಾನೇಜರ್, ನಗುನಗುತ್ತಲೇ.

ಫಕೀರಪ್ಪನವರ ಕಿವಿಯೊಳಗೆ ಜೋಳದ ಕಾಳಿನಷ್ಟು ಮಣಿಯೊಂದಿತ್ತು. ಅದು ಪಿಸುಗುಟ್ಟಿತು: "ಈ ಮಾತನ್ನು ಇಂಥ ಕಚೇರಿಗಳಲ್ಲಿ ಸಾವಿರದ ಇನ್ನೂರು ಸಲ ಕೇಳಿದ್ದೇವೆ. ಸಾವಿರದ ನೂರು ಸಲ ಕೆಲಸ ಶುರುವೇ ಆಗಿರಲಿಲ್ಲ. ತಾರೀಖು ಬರೆಸಿಕೊಳ್ಳಿ."

"ನೀವಿನ್ನೂ ಸುರುನ ಮಾಡಿಲ್ಲಲ್ರಿ! ತಾರೀಖು ಬರದು ಕೊಡ್ರಿ. ಅಲ್ಲೀತನಕಾ ನಾ ಇಲ್ಲೇ ಕೂಡಾಂವ," ಎಂದು ಫಕೀರಪ್ಪ ಕುರ್ಚಿ ಎಳೆದುಕೊಂಡರು. ಮೂರನೆಯ ದಿನ ಲಿಫ್ಟು ಓಡಿತು.

೨೦೬೧ರಲ್ಲಿ ಊರೂರಿನ ಕಿವಿ ಸೇರಿದ ಈ ಮಣಿಗೆ 'ಕಿವಿಮಾತು' ಎಂದು ಹೆಸರು. ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವ ಯಂತ್ರಗಳು ಅಷ್ಟು ಹೊತ್ತಿಗೆ ಕಾಸಿಗೊಂದು ಕೊಸರಿಗೊಂದು ಸಿಗುತ್ತಿದ್ದವು. ಅವು ಮಾತಿನ ಅರ್ಥ ಹೇಳುತ್ತಿದ್ದವು, ಅಷ್ಟೇ. ಆಡಿದ ಮಾತು ಆಮೇಲೆ ಏನಾಯಿತು ಎಂಬುದು ಅವಕ್ಕೆ ಬೇಕಿರಲಿಲ್ಲ. ಧಾರವಾಡದ ವಿಜ್ಞಾನಿ ಡಾ. ಸುಮುಖ ಹಂಚಿನಾಳ ಹಿಡಿದದ್ದು ಇದನ್ನೇ. ಜನ ದಿನನಿತ್ಯ ಆಡುವ ಇಂಗ್ಲಿಷ್ ಸಾವಿರ ಬಗೆಯದಾಗಿ ಕಂಡರೂ ವಾಕ್ಯದ ಅಚ್ಚುಗಳು ಕೆಲವೇ. ಮಣ್ಣು ಯಾವುದಾದರೇನು, ಇಟ್ಟಿಗೆಯ ಅಚ್ಚು ಒಂದೇ ಇರುವುದಿಲ್ಲವೇ, ಹಾಗೆ. ಒಪ್ಪಿಗೆ ಕೊಟ್ಟ ಎಂಟು ಸಾವಿರ ಮಂದಿಯ ಮಾತನ್ನು ಏಳು ವರ್ಷ ಧ್ವನಿಮುದ್ರಿಸಿ, ಪ್ರತಿ ಅಚ್ಚಿನ ಮುಂದೆ ಅದರ ಪರಿಣಾಮವನ್ನೂ ಬರೆದಿಟ್ಟುಕೊಂಡ ಯಂತ್ರ ಇದು.

ಬರೆದಿಟ್ಟವರು ಯಾರು? ಅಲ್ಲಿಗೇ ಬಂದೆ. ಅಕ್ಷತಾ ಬಡಿಗೇರ. ಐವತ್ತೆರಡರ ಹೆಂಗಸು. ಧ್ವನಿಮುದ್ರಣ ಕೇಳಿ ಕೇಳಿ ಬರೆಯುವ ಲಿಪಿಕಾರ್ತಿ. ಪ್ರಯೋಗಾಲಯದಲ್ಲಿ ಎಲ್ಲರಿಗೂ 'ಅಕ್ಕಾರ'.

ಸುಮುಖನ ಅಪ್ಪಣೆ ಇದ್ದದ್ದು ಇಂಗ್ಲಿಷ್ ವಾಕ್ಯಗಳನ್ನಷ್ಟೇ ಬರೆದುಕೊಳ್ಳಲಿಕ್ಕೆ. ಉಳಿದ ಕನ್ನಡ ಮಾತು ಕಸ, ಬಿಟ್ಟುಬಿಡಿ ಎಂದಿದ್ದ. ಅಕ್ಷತಾ ಬಿಡಲಿಲ್ಲ. ಪ್ರತಿ ಇಂಗ್ಲಿಷ್ ವಾಕ್ಯದ ಹಿಂದಿನ ಕನ್ನಡ ಸಾಲನ್ನೂ ಬರೆದು, ಮಾತು ಕನ್ನಡದಿಂದ ಇಂಗ್ಲಿಷಿಗೆ ಹೊರಳಿದ ಜಾಗದಲ್ಲಿ ಕೆಂಪು ಗೆರೆ ಎಳೆದರು.

"ಸಾರು ಚೆಲ್ಲಿ ಬರೇ ಅನ್ನ ನೆಕ್ಕಿ ನೋಡಿದ್ರ ಅಡಿಗಿ ರುಚಿ ತಿಳೀತದೇನ್ರಿ, ಸರ್ರ?" ಎಂದು ಕೇಳಿದ್ದರು. ಸುಮುಖ ನಕ್ಕಿದ್ದ.

ಆರನೆಯ ವರ್ಷ ಯಂತ್ರ ಮುಗ್ಗರಿಸಿತು. ಆಡಿದ ಮಾತು ಮುಂದೆ ಏನಾಗುತ್ತದೆ ಎಂಬ ಅದರ ಊಹೆ ಹತ್ತರಲ್ಲಿ ಆರು ಸಲ ಮಾತ್ರ ನಿಜವಾಗುತ್ತಿತ್ತು. ಆಗ ಅಕ್ಷತಾ ತಮ್ಮ ಹಾಳೆಗಳ ಕಟ್ಟುಗಳನ್ನು ಸುಮುಖನ ಮುಂದೆ ತಂದು ಹಾಕಿದರು. "ನೋಡ್ರಿಲ್ಲೆ. ಮಂದಿ ಚಲೋತ್ನ್ಯಾಗ ಕನ್ನಡ ಮಾತಾಡ್ಕೋತ ಇರ್ತಾರ. ಕೊಟ್ಟ ಮಾತು ತಪ್ಪೂ ಹೊತ್ತು ಬಂತು ಅಂದ್ರ ತಟ್ಟನ ಇಂಗ್ಲಿಷಿಗೆ ಹಾರ್ತಾರ. ಕನ್ನಡದಾಗ ಹೇಳಾಕ ಬಾಯಿ ಬರೂದಿಲ್ಲ ಅವ್ರಿಗೆ."

ಕೆಂಪು ಗೆರೆಗಳನ್ನು ಯಂತ್ರಕ್ಕೆ ಉಣಿಸಿದ್ದೇ ತಡ, ಅದರ ಊಹೆ ಹತ್ತಕ್ಕೆ ಒಂಬತ್ತು ಸಲ ನಿಜವಾಯಿತು. ಸುಮುಖ ಮಗುವಿನ ಹಾಗೆ ಕುಣಿದಾಡಿದ. ಅಂದು ಮಧ್ಯಾಹ್ನ ಅಕ್ಷತಾ ತಂದ ರೊಟ್ಟಿ ಬುತ್ತಿಗೇ ಕೈ ಹಾಕಿ, "ಅಕ್ಕಾರ, ಇದು ನಿಮ್ಮ ಶೋಧ. ಕಿವಿಮಾತಿನ ಮ್ಯಾಲ ಇಬ್ಬರ ಹೆಸರೂ ಕೂಡೇ ಬರ್ತಾವ. ನಮ್ಮವ್ವನ ಆಣಿ," ಎಂದ. ಅಕ್ಷತಾ ಮನೆಗೆ ಹೋಗಿ ಮಗಳು ಸನ್ನಿಧಿಗೆ ಆ ಮಾತನ್ನು ನಾಲ್ಕು ಸಲ ಹೇಳಿದರು. ಜೀವನವಿಡೀ ಬೇರೆಯವರ ಮಾತು ಬರೆದವರಿಗೆ ತಮ್ಮ ಹೆಸರು ಅಚ್ಚಾಗುವ ಆಸೆ ಇರಬಾರದೇ?

ಬಿಡುಗಡೆಯ ದಿನ ಬಂತು. ವೇದಿಕೆಯ ಪರದೆಯ ಮೇಲೆ ಒಂದೇ ಹೆಸರಿತ್ತು. ಕೆಂಪು ಗೆರೆಯ ಸಂಗತಿಗೆ 'ಹಂಚಿನಾಳ ನಿಯಮ' ಎಂದು ನಾಮಕರಣವೂ ಆಗಿಹೋಗಿತ್ತು. ಅಕ್ಷತಾ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ನೇರ ಸುಮುಖನ ಕೋಣೆಗೆ ಹೋದರು. ಮಣಿಯನ್ನು ಪರೀಕ್ಷಿಸುವ ಕೆಲಸವೂ ಅವರದೇ ಆದ್ದರಿಂದ ಅದು ಕಿವಿಯಲ್ಲೇ ಇತ್ತು.

"ಬರ್ರಿ ಅಕ್ಕಾರ, ಕೂಡ್ರಿ. ಚಾ ತರಸ್ಲೇನು?"

"ಚಾ ಒಲ್ಲೆರಿ. ನನ್ನ ಹೆಸರು ಎಲ್ಲಿ ಹೋತು?"

ಸುಮುಖ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಒರೆಸಿದ. ಆಮೇಲೆ ಹೇಳಿದ: "ಸೀ ಅಕ್ಕಾ... ಯುವರ್ ಕಾಂಟ್ರಿಬ್ಯೂಷನ್ ಈಸ್ ಡೀಪ್ಲಿ ವ್ಯಾಲ್ಯೂಡ್. ಬಟ್ ಇಟ್ ವಾಸ್ ಡಿಸೈಡೆಡ್ ಟು ಗೋ ವಿತ್ ಎ ಸಿಂಗಲ್ ನೇಮ್."

ಕಿವಿಯಲ್ಲಿ ಮಣಿ ಪಿಸುಗುಟ್ಟಿತು: "ನಿರ್ಧಾರವಾಯಿತು ಎನ್ನುವ ಈ ಮಾತನ್ನು ನಾಲ್ಕು ನೂರು ಸಲ ಕೇಳಿದ್ದೇವೆ. ಮುನ್ನೂರ ಅರವತ್ತು ಸಲ ನಿರ್ಧಾರ ಮಾಡಿದವರು ಹೇಳುತ್ತಿರುವವರೇ."

ಅಕ್ಷತಾ ಮಣಿಯನ್ನು ಕಿತ್ತು ಮೇಜಿನ ಮೇಲಿಟ್ಟರು. "ಅದನ್ನ ಕನ್ನಡದಾಗ ಹೇಳ್ರಿ, ಸರ್ರ."

"ಅಕ್ಕಾ, ಪ್ಲೀಸ್ ಅಂಡರ್‌ಸ್ಟ್ಯಾಂಡ್..."

"ಕನ್ನಡದಾಗ. ಆಣಿ ಕನ್ನಡದಾಗ ಮಾಡಿದ್ರಿ, ಇದನ್ನೂ ಅದ್ರಾಗ ಹೇಳ್ರಿ."

ಅವನ ಕಿವಿ ಕೆಂಪಾಯಿತು. ಕೊನೆಗೆ ಮೇಜನ್ನು ನೋಡುತ್ತ ಹೇಳಿದ: "ನಿಮ್ಮ ಹೆಸರು ನಾನ ತಗಸೀನ್ರಿ. ಯಾರೂ ಕೇಳಿರ್ಲಿಲ್ಲ. ಲಿಪಿಕಾರ್ತಿ ಹೆಸರಿನ ಬಾಜೂಕ ನನ್ನ ಹೆಸರು ಸಣ್ಣದು ಕಾಣಸ್ತದ ಅನಿಸ್ತು."

ಸತ್ಯ ಹೊರಗೆ ಬಂದರೆ ಎದೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಸುಳ್ಳು. ಅಕ್ಷತಾಗೆ ಮೊದಲಿಗಿಂತ ಹೆಚ್ಚು ನೋವಾಯಿತು. ಅವನು ಇಂಗ್ಲಿಷಿನಲ್ಲಿ ಹೇಳಿದಾಗ ಯಾರೋ ದೂರದವರು ಮೋಸ ಮಾಡಿದಂತಿತ್ತು. ಈಗ ಮಾಡಿದವನು ತಮ್ಮ ಬುತ್ತಿಯಲ್ಲಿ ಉಂಡವನೇ ಆಗಿದ್ದ. ಎದ್ದು ಬಂದರು. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ.

ಮನೆಯಲ್ಲಿ ಸನ್ನಿಧಿ ಶೇಂಗಾ ಹುರಿಯುತ್ತಿದ್ದಳು. ತಾಯಿಯ ಚಪ್ಪಲಿ ಸದ್ದು ಕೇಳಿ ಒಲೆ ಆರಿಸಿ ಹೊರಗೆ ಬಂದಳು.

"ಏನಂದ್ರವ್ವಾ ಅವ್ರು? ಹೆಸರು ಹಾಕ್ತಾರಂತೇನು?"

ಅಕ್ಷತಾ ಸೆರಗಿನಿಂದ ಮುಖ ಒರೆಸಿಕೊಂಡು ಅಂದರು: "ಇಟ್ಸ್ ಓಕೆ, ಸನ್ನಿ. ಲೀವ್ ಇಟ್. ನಥಿಂಗ್ ಮಚ್."

ಸನ್ನಿಧಿ ತಾಯಿಯನ್ನೇ ನೋಡಿದಳು. ತಾಯಿ ಏಳು ವರ್ಷ ಏನು ಬರೆದರು ಎಂಬುದು ಅವಳಿಗೆ ಗೊತ್ತಿತ್ತು. ಹತ್ತಿರ ಬಂದು ಭುಜ ಹಿಡಿದು ಕೂರಿಸಿ, "ಅವ್ವಾ, ಕನ್ನಡದಾಗ ಹೇಳು," ಎಂದಳು.

"ನನಗ ಮೋಸ ಆತವ್ವಾ," ಎಂದು ಅಕ್ಷತಾ ಗೋಳೋ ಎಂದು ಅತ್ತರು.

ಈ ಮಣಿ ಇನ್ನೂ ಹುಟ್ಟಿಲ್ಲ, ಹುಟ್ಟಲಿಕ್ಕೆ ಮೂವತ್ತು ವರ್ಷವಾದರೂ ಬೇಕು. ಅದು ಎಣಿಸಬೇಕಾದ ವಾಕ್ಯಗಳನ್ನು ಮಾತ್ರ ನಾವು ಈಗಾಗಲೇ ಆಡುತ್ತಿದ್ದೇವೆ. ಇವತ್ತು ನಿಮ್ಮ ಮನೆಯಲ್ಲಿ ಯಾರಾದರೂ 'ಐ ಆ್ಯಮ್ ಫೈನ್' ಎಂದರೆ, ತುಸು ಹತ್ತಿರ ಕೂತು, ಇನ್ನೊಂದು ಸಲ ಕನ್ನಡದಲ್ಲಿ ಕೇಳಿ ನೋಡಿ.